ಮರಳುದಿಬ್ಬದ ಧರ್ಮಪಿತ

ಸಾನ್ ಗಬಿನೊ ಊರಿನ ಪಕ್ಕದ ದೊಡ್ಡ ಮರಳುದಿಬ್ಬವನ್ನು ಕಟ್ಟಿಸಿದ್ದು ನಮ್ಮ ಪುರಸಭೆ. ಸಂದೇಹವಿದ್ದವರು ದಿಬ್ಬದ ಬುಡದಲ್ಲಿರುವ ಹಿತ್ತಾಳೆ ಫಲಕವನ್ನು ಓದಿಕೊಳ್ಳಬಹುದು: 'ಮೇಯರ್ ಒನೊಫ್ರೆ ಅರಿಯಾಸ್ ಅವರ ಆಡಳಿತಾವಧಿಯಲ್ಲಿ ಪೂರ್ಣಗೊಂಡ ಕಾಮಗಾರಿ. ಎತ್ತರ ಅರವತ್ತೆರಡು ಮೀಟರ್.' ಅದಕ್ಕೆ ಮುಂಚೆ ಆ ಜಾಗದಲ್ಲಿ ಸಮುದ್ರದ ಗಾಳಿ ಕೆಲಸ ಮಾಡುತ್ತಿದ್ದದ್ದು ನಿಜ. ಆದರೆ ಅದು ಟೆಂಡರ್ ಇಲ್ಲದೆ, ಯಾರ ಸಹಿಯೂ ಇಲ್ಲದೆ, ಸಾವಿರಾರು ವರ್ಷಗಳಿಂದ ಅನಧಿಕೃತವಾಗಿ ನಡೆಯುತ್ತಿದ್ದ ಕೆಲಸ.

ನಾನು ಪುರಸಭೆಯ ಧ್ವನಿವರ್ಧಕ ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ನಾನೊಬ್ಬನೇ ಇರುವುದರಿಂದ ಶಿಸ್ತಿಗೆ ಕೊರತೆಯಿಲ್ಲ. ಪ್ರಕಟಣೆ ಬರೆಯುವವನು ನಾನೇ, ಚೌಕದ ಕಂಬಕ್ಕೆ ಕಟ್ಟಿದ ಧ್ವನಿವರ್ಧಕದಲ್ಲಿ ಅದನ್ನು ಓದುವವನೂ ನಾನೇ, ಓದಿದ್ದಕ್ಕೆ ಊರವರಿಂದ ಬೈಸಿಕೊಳ್ಳುವವನೂ ನಾನೇ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಅಧಿಕೃತ ಎಂದು ತಿಳಿಯತಕ್ಕದ್ದು.

ಮೇಯರ್ ಸಾಹೇಬರು ಊರಿಗೊಂದು ಕ್ರೀಡಾಂಗಣ ಕಟ್ಟಿಸುತ್ತೇನೆಂದು ಮಾತು ಕೊಟ್ಟಿದ್ದರು. ಅದರ ಹಣವೆಲ್ಲ 'ಕ್ರೀಡಾಂಗಣ ಬೇಕೇ, ಬೇಡವೇ' ಎಂಬ ಅಧ್ಯಯನಕ್ಕೆ ಖರ್ಚಾಗಿ, ಬೇಕು ಎಂದು ಸಾಬೀತಾಗಿತ್ತು. ಅಷ್ಟರಲ್ಲಿ ಚುನಾವಣೆ ಬಂತು. ಮೇಯರ್ ಆದವರು ಮತ್ತೆ ನಿಲ್ಲಬಾರದೆಂದು ನಮ್ಮ ಕಾನೂನು ಹೇಳುತ್ತದೆ; ತಮ್ಮ ನಿಲ್ಲಬಾರದೆಂದು ಹೇಳುವುದಿಲ್ಲ. ಹೀಗಾಗಿ ಅವರ ತಮ್ಮ ನಿಂತಿದ್ದರು. ಗೋಡೆಬರಹಗಳಲ್ಲಿ ಹೆಸರಿನ ಅರ್ಧ ಅಳಿಸಿ ಬರೆದರೆ ಸಾಕಿತ್ತು, ಮೀಸೆ ಅದೇ. ಆದರೆ ಉದ್ಘಾಟನೆಗೆ ಒಂದು ಕಾಮಗಾರಿಯಾದರೂ ಬೇಡವೇ? ಸಾಹೇಬರು ಚಿಂತೆಯಿಂದ ಕಿಟಕಿಯಾಚೆ ನೋಡಿದರು. ದಿಬ್ಬ ಕಾಣಿಸಿತು.

"ಅದು ಮುಗಿದಿದೆಯಲ್ಲಾ," ಎಂದರು.

ಕಾಮಗಾರಿ ವಿಭಾಗದ ಮುಖ್ಯಸ್ಥೆ ನೆಲಿದಾ ವಾಪಾಯಾ ಅವರಿಗೆ ಪ್ರಾಮಾಣಿಕತೆಯ ಸಣ್ಣ ಕಾಯಿಲೆಯಿತ್ತು. "ಸಾಹೇಬ್ರೇ, ಅದಕ್ಕೆ ಬುನಾದಿ ಇಲ್ಲ," ಎಂದರು.

"ಬುನಾದಿ ಇರೋ ನಮ್ಮ ಮಾರ್ಕೆಟ್ ಕಟ್ಟಡ ಬಿರುಕು ಬಿಟ್ಟಿದೆ. ಇದು ಬಿಟ್ಟಿದೆಯಾ?"

ಬಿಟ್ಟಿರಲಿಲ್ಲ. ಹಾಗಾಗಿ ಫಲಕಕ್ಕೆ ಆರ್ಡರ್ ಹೋಯಿತು.

ಇನ್ನು ಬೇಕಾದವನು ಧರ್ಮಪಿತ. ನಮ್ಮಲ್ಲಿ ಧರ್ಮಪಿತ ಬೇಕಾಗುವುದು ಮಗುವಿನ ದೀಕ್ಷಾಸ್ನಾನಕ್ಕೆ ಮಾತ್ರವಲ್ಲ. ಹೊಸ ಲಾರಿಗೆ, ಫುಟ್‌ಬಾಲ್ ತಂಡದ ಅಂಗಿಗಳಿಗೆ, ಹುಟ್ಟುಹಬ್ಬದ ಕೇಕಿಗೆ, ಮುಚ್ಚಳ ಹಾಕಿದ ಚರಂಡಿಗೂ ಒಬ್ಬ ಧರ್ಮಪಿತ ಇರಲೇಬೇಕು. ರಿಬ್ಬನ್ ಕಟ್ಟಿದ ಶೀಶೆಯನ್ನು ಪುಟ್ಟ ಸುತ್ತಿಗೆಯಿಂದ ಒಡೆಯುವವನು ಅವನೇ, ಬಂದವರಿಗೆಲ್ಲ ಬಿಯರ್ ಕುಡಿಸುವವನೂ ಅವನೇ. ಬದಲಿಗೆ ಆ ಮಗುವಿನ, ಅದು ಲಾರಿಯೇ ಆಗಲಿ ಚರಂಡಿಯೇ ಆಗಲಿ, ತಂದೆಗೂ ಅವನಿಗೂ ಸಾಯುವವರೆಗೆ ಕಂಪಾದ್ರೆ ಸಂಬಂಧ ಬೀಳುತ್ತದೆ. ರಕ್ತಸಂಬಂಧವನ್ನಾದರೂ ಜಗಳವಾಡಿ ಕಳೆದುಕೊಳ್ಳಬಹುದು, ಕಂಪಾದ್ರೆಯನ್ನು ಕಳೆದುಕೊಳ್ಳಲಾಗದು.

ಎಡಿಲ್ಬೆರ್ತೊ ಚುಂಪಿತಾಸ್‌ನನ್ನು ಕರೆಸಿದರು. ಊರಿನಲ್ಲಿ ದಿಬ್ಬದಿಂದ ಬದುಕುತ್ತಿದ್ದವನು ಅವನೊಬ್ಬನೇ. ಶನಿವಾರ ಬೆಳಿಗ್ಗೆ ಲಿಮಾಕ್ಕೆ ವ್ಯಾನು ಓಡಿಸಿಕೊಂಡು ಹೋಗಿ, ಆ ನಗರದ ಬೂದುಬಣ್ಣದ ಆಕಾಶದಡಿ ಮೂಗು ಸೋರಿಸುತ್ತ ನಿಂತ ಜನರನ್ನು ಹತ್ತಿಸಿಕೊಂಡು, ದಾರಿಯಲ್ಲಿ ಹುರಿದ ಹಂದಿಮಾಂಸ, ಸಿಹಿಗೆಣಸು ತುಂಬಿದ ಬ್ರೆಡ್ಡು ತಿನ್ನಿಸಿ, ಬಿಸಿಲಿಗೆ ಕರೆತರುತ್ತಿದ್ದ. ಜಾರುಹಲಗೆಯ ತಳಕ್ಕೆ ಮೇಣದಬತ್ತಿ ಉಜ್ಜಿ, "ಮಂಡಿ ಬಗ್ಗಿಸಿ, ಬಾಯಿ ಮುಚ್ಚಿ. ಬಾಯಿ ತೆರೆದವರಿಗೆ ಮಧ್ಯಾಹ್ನದ ಊಟ ಇಲ್ಲೇ ಆಗುತ್ತೆ," ಎಂದು ಹೇಳಿ ದಿಬ್ಬದ ತುದಿಯಿಂದ ಮೆಲ್ಲಗೆ ನೂಕುತ್ತಿದ್ದ. ಬ್ಯಾಂಕಿನ ಗುಮಾಸ್ತರು, ನರ್ಸುಗಳು, ಸೋಡಾಬುಡ್ಡಿ ಕನ್ನಡಕದ ವಕೀಲರು ಕಿರುಚುತ್ತ ಇಳಿದು, ಕೆಳಗೆ ಬಿದ್ದು, ಕಾರಣವಿಲ್ಲದೆ ನಗುತ್ತಿದ್ದರು. ಅವರು ನಗುವುದನ್ನು ನೋಡಿ ಅವನೂ ನಗುತ್ತಿದ್ದ. ಅವನಿಗೆ ಬೇರೆ ಕಸುಬು ಬಾರದು. ಬಂದಿದ್ದರೂ ಮಾಡುತ್ತಿರಲಿಲ್ಲ ಎಂದು ನನ್ನ ಅಂದಾಜು.

ಧರ್ಮಪಿತನಾಗು ಎಂದಾಗ ಅವನ ಕಣ್ಣಲ್ಲಿ ನೀರು ಬಂತು. ಮೂರ್ಖ! ಒಪ್ಪಿಕೊಂಡುಬಿಟ್ಟ. ಶೀಶೆ ಒಡೆದ, ಪಾದ್ರಿಗಳು ತೀರ್ಥ ಚಿಮುಕಿಸಿದರು, ಮರಳು ಅದನ್ನು ಕುಡಿದುಬಿಟ್ಟಿತು. ಸಾಹೇಬರು ಅವನನ್ನು ತಬ್ಬಿಕೊಂಡು, "ಇವತ್ತಿಂದ ನಾವು ಕಂಪಾದ್ರೆ ಕಣಯ್ಯಾ," ಎಂದರು. ಬಿಯರ್ ಸಂಜೆಯವರೆಗೂ ಸಾಕಾಯಿತು.

ಎರಡು ತಿಂಗಳು ಕಳೆದ ಮೇಲೆ ಲಿಮಾದಿಂದ ಕಾಮಗಾರಿ ಪರಿಶೀಲನಾ ಕಚೇರಿಯ ಇಂಜಿನಿಯರ್ ಬಾಲ್ದೊಮೆರೊ ತಾಪಿಯಾ ಬಂದರು. ಪುರಸಭೆ ಕಟ್ಟಿದ್ದನ್ನೆಲ್ಲ ಅಳೆಯುವುದು ಅವರ ಕರ್ತವ್ಯ. ಮೂರು ಕಾಲಿನ ಯಂತ್ರ ನೆಟ್ಟು ಅಳೆದರು, ಇನ್ನೊಮ್ಮೆ ಅಳೆದರು, ಫಲಕ ಓದಿದರು.

"ಎತ್ತರ ಕಮ್ಮಿ ಇದೆ," ಎಂದರು. "ಒಬ್ಬ ಮನುಷ್ಯ ಟೋಪಿ ಹಾಕ್ಕೊಂಡು ನಿಂತಷ್ಟು ಕಮ್ಮಿ."

"ಗಾಳಿ ಹೊಡೆದಿರುತ್ತೆ ಇಂಜಿನಿಯರೇ," ಎಂದರು ನೆಲಿದಾ. "ಮಧ್ಯಾಹ್ನ ಆಯ್ತು ಅಂದ್ರೆ ಇಲ್ಲಿ ಗಾಳಿ ಜೋರು."

"ಗಾಳಿ ಜೊತೆ ಪುರಸಭೆ ಕರಾರು ಮಾಡ್ಕೊಂಡಿದೆಯಾ?"

"ಇಲ್ಲ."

"ಹಾಗಿದ್ರೆ ಗಾಳಿ ಹೆಸರು ಎತ್ತಬೇಡಿ. ಕರಾರಿಲ್ಲದವರು ಸರ್ಕಾರಿ ಸ್ವತ್ತು ಮುಟ್ಟೋದು ಇನ್ನೂ ದೊಡ್ಡ ಕೇಸು."

ಅದೇ ಹೊತ್ತಿಗೆ ದಿಬ್ಬದ ಮೇಲಿಂದ ಒಬ್ಬ ಹೆಂಗಸು ಹೊಟ್ಟೆಯ ಮೇಲೆ ಮಲಗಿಕೊಂಡು ಬಾಣದಂತೆ ಇಳಿದು ಬಂದರು. ಅವರು ಎರ್ಮೆಲಿಂದಾ, ನಿವೃತ್ತ ಶಾಲಾ ಶಿಕ್ಷಕಿ. ತಿಂಗಳಿಗೊಮ್ಮೆ ಎಡಿಲ್ಬೆರ್ತೊನ ವ್ಯಾನಿನಲ್ಲಿ ಬಂದು, ತಮಗೆ ಕಾಟ ಕೊಟ್ಟ ಮುಖ್ಯೋಪಾಧ್ಯಾಯರ ಹೆಸರುಗಳನ್ನು ಒಂದೊಂದಾಗಿ ಕಿರುಚುತ್ತ ಜಾರುವುದು ಅವರ ಪದ್ಧತಿ. ಇಂಜಿನಿಯರು ಆಕೆಯನ್ನು ನೋಡಲಿಲ್ಲ. ಆಕೆಯ ಹಿಂದೆ ಜರ್ರನೆ ಇಳಿದು ಬಂದ ಮರಳನ್ನು ನೋಡಿದರು.

"ಸಿಕ್ತು ನೋಡಿ," ಎಂದರು.

ಸಂಜೆಗೇ ತುರ್ತು ಸಭೆ. ಫಲಕದ ಅಂಕಿ ತಿದ್ದಿಸಿದರಾಯಿತು ಎಂದು ನೆಲಿದಾ ಹೇಳಿ ನೋಡಿದರು. ತೀರ್ಥ ಬಿದ್ದ ಫಲಕವನ್ನು ತಿದ್ದಿದರೆ ಪಾದ್ರಿಗಳು ಒಪ್ಪುವುದಿಲ್ಲ ಎಂದು ಸಾಹೇಬರು ಹೇಳಿದರು. ಪಾದ್ರಿಗಳನ್ನು ಯಾರೂ ಕೇಳಲಿಲ್ಲ. ಫಲಕ ತಪ್ಪಾಗಲಾರದು, ಆದ್ದರಿಂದ ದಿಬ್ಬವೇ ತಪ್ಪು ಎಂದು ತೀರ್ಮಾನವಾಯಿತು. ಎಡಿಲ್ಬೆರ್ತೊನನ್ನು ಕುರ್ಚಿ ಕೊಡದೆ ನಿಲ್ಲಿಸಿದ್ದರು.

"ಕಂಪಾದ್ರೆ," ಎಂದರು ಸಾಹೇಬರು, ಬಹಳ ನೊಂದ ದನಿಯಲ್ಲಿ. "ಮಗು ಸೊರಗಿದೆ."

"ಅದು ಮರಳು, ಕಂಪಾದ್ರೆ."

"ಮಗು ಅಂದ್ರೆ ಮಗು. ಸೊರಗಿದ್ರೆ ಯಾರನ್ನ ಕೇಳ್ಬೇಕು?"

"ಹೆತ್ತ ಅಪ್ಪನ್ನ ಕೇಳ್ಬೇಕು."

"ಅಪ್ಪ ತಮ್ಮನ ಚುನಾವಣೆಯಲ್ಲಿ ಬಿಜಿ ಇದಾನೆ. ಅಪ್ಪನಿಗೆ ಆಗದೇ ಇದ್ದಾಗ ನೋಡ್ಕೊಳ್ಳೋಕೇ ತಾನೇ ಧರ್ಮಪಿತ ಅನ್ನೋನು ಇರೋದು?"

ಕೋರ್ಟಿನ ಸಮನ್ಸು ಬಂದರೆ ಅಡಗಿ ಕೂರುವ ಜನ ನಾವು, ಆದರೆ ಧರ್ಮಪಿತನ ಕರ್ತವ್ಯ ಮರೆತವನೆಂಬ ಹೆಸರು ಹೊತ್ತು ಬೀದಿಯಲ್ಲಿ ಓಡಾಡಲಾರೆವು. ಎಡಿಲ್ಬೆರ್ತೊ ಗೋಣು ಬಗ್ಗಿಸಿದ. ಪ್ರಕಟಣೆ ಬರೆಯುವುದು ನನ್ನ ಕೆಲಸ, ಬರೆದೆ.

'ಸಾರ್ವಜನಿಕರ ಗಮನಕ್ಕೆ. ಪುರಸಭೆಯ ದಿಬ್ಬದಿಂದ ಹಲಗೆಯ ಮೇಲಾಗಲಿ, ಹೊಟ್ಟೆಯ ಮೇಲಾಗಲಿ, ಇನ್ನಾವುದೇ ಅಂಗದ ಮೇಲಾಗಲಿ ಜಾರುವುದನ್ನು ನಿಷೇಧಿಸಲಾಗಿದೆ. ದಿಬ್ಬ ಹತ್ತುವ ಪ್ರತಿಯೊಬ್ಬರೂ ಬುಡದಿಂದ ಒಂದು ಚೀಲ ಮರಳನ್ನು ಹೊತ್ತು ತುದಿಗೆ ಸುರಿಯತಕ್ಕದ್ದು. ಊರಿನ ಗಡಿಯಾಚೆ ಬೂಟು ಕೊಡವಿಕೊಳ್ಳುವುದನ್ನು ಸರ್ಕಾರಿ ಸ್ವತ್ತಿನ ಸಾಗಾಟ ಎಂದು ಪರಿಗಣಿಸಲಾಗುವುದು. ಕಿವಿಯಲ್ಲಿ ಉಳಿದ ಮರಳಿಗೆ ಈ ಬಾರಿ ವಿನಾಯಿತಿ ಇದೆ.'

ಆ ಶನಿವಾರ ವ್ಯಾನು ಎಂದಿನಂತೆ ಬಂತು. ಎಡಿಲ್ಬೆರ್ತೊ ಎಲ್ಲರನ್ನೂ ಇಳಿಸಿ, ಕೆಮ್ಮಿ, ಚೀಲಗಳ ರಾಶಿಯ ಮುಂದೆ ನಿಂತ. ಜನ ಹಣ ವಾಪಸ್ ಕೇಳುತ್ತಾರೆ, ಇವತ್ತಿಗೆ ತನ್ನ ಪ್ರವಾಸದ ಕತೆ ಮುಗಿಯಿತು ಎಂದು ಅವನ ಮುಖವೇ ಹೇಳುತ್ತಿತ್ತು.

"ಇವತ್ತಿನ ಕಾರ್ಯಕ್ರಮ ಸ್ವಲ್ಪ ಬದಲಾಗಿದೆ," ಎಂದ. "ಇವತ್ತು ಮೇಲಕ್ಕೆ."

"ಮೇಲಕ್ಕೆ ಅಂದ್ರೆ?" ಎಂದರು ಎರ್ಮೆಲಿಂದಾ.

"ಮೇಲಕ್ಕೆ ಅಂದ್ರೆ ಮೇಲಕ್ಕೆ, ಟೀಚರಮ್ಮ. ಚೀಲ ಹೊತ್ಕೊಂಡು. ಕೆಳಕ್ಕೆ ನಡ್ಕೊಂಡು."

"ನಿಮಗೆ ತಲೆ ಕೆಟ್ಟಿದೆಯಾ ಎಡಿಲ್ಬೆರ್ತೊ? ಈ ವಯಸ್ಸಲ್ಲಿ ನಾನು ಮರಳು ಹೊರಬೇಕಾ?"

"ಮಗು ಸೊರಗಿದೆ ಟೀಚರಮ್ಮ. ನಾನು ಅದರ ಧರ್ಮಪಿತ."

ವ್ಯಾನಿನವರು ಯಾರೂ ಹಣ ವಾಪಸ್ ಕೇಳಲಿಲ್ಲ. ಅವರೂ ನಮ್ಮವರೇ ತಾನೇ. ಪ್ರತಿಯೊಬ್ಬರಿಗೂ ಎಲ್ಲೋ ಒಂದು ಧರ್ಮದ ಮಗು, ಅದನ್ನು ನೋಡಲು ಹೋಗದೆ ಎಷ್ಟೋ ಕಾಲವಾದ ಅಳುಕು. ಎರ್ಮೆಲಿಂದಾ ಏನೋ ಗೊಣಗಿಕೊಂಡು ಚೀಲಕ್ಕೆ ಕೈ ಹಾಕಿದರು. ಜಾರುಹಲಗೆಗೆ ಹಗ್ಗ ಕಟ್ಟಿ, ಅದರ ಮೇಲೆ ಚೀಲವಿಟ್ಟು ಎಳೆಯುವ ಉಪಾಯ ಕಂಡುಹಿಡಿದವರೂ ಅವರೇ. ಏದುಸಿರು ಬಿಡುತ್ತ ತುದಿ ತಲುಪಿ ಮರಳು ಸುರಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ತೆರಿಗೆ ಕಚೇರಿಯ ಗುಮಾಸ್ತರೊಬ್ಬರು ತಮ್ಮ ಪುಟ್ಟ ಗುಡ್ಡೆಯನ್ನು ಬಹಳ ಹೊತ್ತು ನೋಡಿ, "ಇಷ್ಟು ವರ್ಷ ದುಡಿದೆ ಕಣ್ರೀ. ನಾನು ಮಾಡಿದ ಕೆಲಸ ಎಲ್ಲಿ ಹೋಯ್ತು ಅಂತ ಕಣ್ಣಾರೆ ನೋಡಿದ್ದು ಇವತ್ತೇ," ಎಂದರು. ಮಧ್ಯಾಹ್ನದ ಗಾಳಿ ಬಂದು ಆ ಗುಡ್ಡೆಯನ್ನು ಕೆಳಕ್ಕೆ ಒಯ್ದಿತು. ಅವರು ನೋಡಲಿಲ್ಲ, ಊಟಕ್ಕೆ ಹೋಗಿದ್ದರು.

ಮುಂದಿನ ವಾರ ವ್ಯಾನು ಸಾಲದೆ ಎಡಿಲ್ಬೆರ್ತೊ ಬಸ್ಸು ಮಾಡಿದ. ಆಮೇಲೆ ಎರಡು ಬಸ್ಸು. ಕಂಪನಿಗಳು ತಮ್ಮ ನೌಕರರನ್ನು ಕಳಿಸಿದವು. ಮೇಲಧಿಕಾರಿಗಳು ತುದಿಯಲ್ಲಿ ಕೊಡೆ ಹಿಡಿದು ನಿಂತು ಹುರಿದುಂಬಿಸಿದರು. ಬೆನ್ನುನೋವಿಗೆ ಒಳ್ಳೆಯದೆಂದು ಕೆಲವರು, ಪಾಪ ಕಳೆಯುತ್ತದೆಂದು ಕೆಲವರು. ಲಿಮಾದ ಜನ ಮಗುವನ್ನು ನೋಡಲು ಬರಿಗೈಲಿ ಹೋಗಬಾರದೆಂದು ತಮ್ಮ ತಮ್ಮ ಬಡಾವಣೆಯ ಕಡಲತೀರದಿಂದಲೂ ಮರಳು ಕಟ್ಟಿಕೊಂಡು ತಂದರು. ಎಡಿಲ್ಬೆರ್ತೊ ಹಿಂದೆಂದೂ ಕಾಣದಷ್ಟು ಗಳಿಸಿದ. ಒಮ್ಮೊಮ್ಮೆ ಮಾತ್ರ, ಎಲ್ಲರೂ ತಿನ್ನುತ್ತ ಕೂತಾಗ, ಒಬ್ಬನೇ ತುದಿಗೆ ಹೋಗಿ ಇಳಿಜಾರನ್ನು ನೋಡುತ್ತ ನಿಲ್ಲುತ್ತಿದ್ದ. ನಾನು ಕಂಡಿದ್ದೇನೆ.

ಚುನಾವಣೆಯಲ್ಲಿ ತಮ್ಮ ಗೆದ್ದರು. ಇಂಜಿನಿಯರ್ ತಾಪಿಯಾ ಮತ್ತೆ ಬಂದು ಅಳೆದು, ಮುಖ ಗಂಟಿಕ್ಕಿದರು.

"ಈಗ ಹೆಚ್ಚಾಗಿದೆ. ಈ ದಿಬ್ಬದ ಹತ್ರ ಆದಾಯ ಮೀರಿದ ಎತ್ತರ ಇದೆ. ಹೆಚ್ಚಿಗೆ ಮರಳು ಎಲ್ಲಿಂದ ಬಂತು, ಯಾರು ಕೊಟ್ಟರು, ಏನು ಕೆಲಸ ಮಾಡಿಸ್ಕೊಳ್ಳೋಕೆ ಕೊಟ್ಟರು?"

ಉತ್ತರ ಸಿಗದ ಕಾರಣ ಹೆಚ್ಚುವರಿ ಮರಳನ್ನು ತಕ್ಷಣ ಕೆಳಗಿಳಿಸುವಂತೆ ಆದೇಶವಾಯಿತು. ಜಾರುವುದು ಈಗ ಕಡ್ಡಾಯ. ಆ ಪ್ರಕಟಣೆಯನ್ನು ನಾನು ಧ್ವನಿವರ್ಧಕದಲ್ಲಿ ಮೂರು ಸಲ ಓದಿದೆ, ಮೂರನೆಯದು ನನ್ನ ಸ್ವಂತ ಸಂತೋಷಕ್ಕೆ. ಎಡಿಲ್ಬೆರ್ತೊ ಹಲಗೆಗಳ ಹಗ್ಗ ಬಿಚ್ಚಿದ, ತೊಳೆದ, ಮೇಣ ಉಜ್ಜಿದ. ಮದುವೆ ಮನೆಯವನ ಹಾಗೆ ಕ್ಷೌರ ಮಾಡಿಸಿಕೊಂಡು ಬಂದಿದ್ದ.

ಶನಿವಾರ ತುದಿಯಲ್ಲಿ ನಿಂತು, "ಮಂಡಿ ಬಗ್ಗಿಸಿ, ಬಾಯಿ ಮುಚ್ಚಿ!" ಎಂದು ಕೂಗಿದ. ಚೀಲ ಹೊತ್ತು ಹತ್ತಿ ಬಂದವರು ಯಾರೂ ಕದಲಲಿಲ್ಲ.

"ಏನು ಹುಡುಗಾಟ ಇದು?" ಎಂದರು ಎರ್ಮೆಲಿಂದಾ.

"ಟೀಚರಮ್ಮ, ನೀವೇ ಹೊಟ್ಟೆ ಮೇಲೆ ಮಲಗಿ..."

"ಅದೆಲ್ಲ ಆಗ. ಈಗ ನನ್ನ ಕೈಕೆಳಗೆ ಇಪ್ಪತ್ತು ಜನ ಹೊರೋರಿದಾರೆ. ಅವರೆದುರಿಗೆ ಕಿರುಚ್ಕೊಂಡು ಬೀಳ್ಲಾ? ಬರ್ರಪ್ಪ, ಚೀಲ ಸುರೀರಿ, ಹೊತ್ತಾಯ್ತು."

"ಜಾರೋದು ಕಡ್ಡಾಯ!" ಎಂದ ಎಡಿಲ್ಬೆರ್ತೊ. ಅವನ ದನಿ ಬೇಡುವವನ ದನಿಯಾಗಿತ್ತು.

"ಕಡ್ಡಾಯ ಅಂದ್ರೆ ನೀವು ಜಾರಿ," ಎಂದರು ಗುಮಾಸ್ತರು. "ನಾವು ಕೆಲಸದವರು."

ಅವನು ಜಾರಿದ. ಒಬ್ಬನೇ, ನಿಂತುಕೊಂಡೇ, ಕೈಗಳನ್ನು ಚಾಚಿ. ನಾನು ಕೆಳಗಿನಿಂದ ನೋಡುತ್ತಿದ್ದೆ. ಅಷ್ಟು ಚೆಂದ ಯಾರೂ ಜಾರಿದ್ದನ್ನು ನಾನು ಕಂಡಿಲ್ಲ. ಮರಳು ಹಿಂದಿನಿಂದ ಹೊಗೆಯಂತೆ ಎದ್ದಿತು. ನಡುವೆ ಒಮ್ಮೆ ಅವನು ನಕ್ಕ. ಮೇಲಿದ್ದವರು ಚೀಲ ಇಳಿಸದೆ, ಕೆಲಸ ಕಳೆದುಕೊಂಡವನನ್ನು ನೋಡುವ ಹಾಗೆ ಅವನನ್ನು ನೋಡಿದರು.

ಬುಡದಲ್ಲಿ ನೆಲಿದಾ ಕಾಯುತ್ತಿದ್ದರು. ಹೊಸ ಮೇಯರ್ ದಾರಿ ಹುಡುಕಿದ್ದರು: ಹೆಚ್ಚುವರಿ ಎತ್ತರವನ್ನು ದಿಬ್ಬದ ಎರಡನೇ ಮಹಡಿ ಎಂದು ಸಕ್ರಮ ಮಾಡುವುದು, ಮೂರನೆಯದಕ್ಕೆಂದು ತುದಿಯಲ್ಲಿ ಕಬ್ಬಿಣದ ಸರಳು ನಿಲ್ಲಿಸಿಬಿಡುವುದು, ನಮ್ಮೆಲ್ಲರ ಮನೆಗಳ ಮೇಲೆ ಇರುವ ಹಾಗೆ. ಇಂಜಿನಿಯರು ಒಪ್ಪಿದ್ದರು. ಇನ್ನು ಜಾರುವ ಅಗತ್ಯವಿಲ್ಲ.

"ಹೇಗಿತ್ತು ಎಡಿಲ್ಬೆರ್ತೊ ಅವರೇ?" ಎಂದು ನೆಲಿದಾ ಮೆಲ್ಲಗೆ ಕೇಳಿದರು.

ಅವನು ಹಲಗೆಯಿಂದ ಇಳಿದು, ಮೇಲೆ ಸಾಲಾಗಿ ನಿಂತ ಜನರನ್ನು ನೋಡಿ, ಬಟ್ಟೆ ಕೊಡವಿಕೊಂಡ.

"ಚೆನ್ನಾಗಿತ್ತು," ಎಂದ. "ಆದ್ರೆ ಎಲ್ಲರ ಎದುರಿಗೆ ಹೀಗೆ ಬರಿಗೈಲಿ ಇಳಿದು ಬಂದೆನಲ್ಲ, ಒಂಥರಾ ನಾಚಿಕೆ ಆಯ್ತು."

ನೆಲಿದಾ ಚೀಲ ಕೊಟ್ಟರು. ಅವನು ಮರಳು ತುಂಬಿಸಿಕೊಂಡು ದಿಬ್ಬ ಹತ್ತಿ ಹೋಗಿ ಸಾಲಿನ ಕೊನೆಯಲ್ಲಿ ನಿಂತ.