ಸಾಧಾರಣ ಶ್ರಮ ಅಂದ್ರೆ ಎಷ್ಟು ಸಾ?

ಮೈದಾನದ ಅಂಚಿನಲ್ಲಿ ಮೇಜು ಹಾಕಿಕೊಂಡು ಬೇರೆಯವರ ತಪ್ಪು ಬರೆಯೋ ಕೆಲಸ ಸಿಕ್ಕಿದ ಮೇಲೆ, ನಗು ಹುಡುಕಿಕೊಂಡು ನಾನು ಎಲ್ಲಿಗೂ ಹೋಗಿಲ್ಲ. ಅದೇ ನನ್ನ ಮೇಜಿಗೆ ಬಂದು ಜಗಳಕ್ಕೆ ನಿಲ್ಲುತ್ತೆ.

ಬಾಯಿಂದ ಸಿಕ್ಕಿದ ಕೆಲಸ

ಎಸ್ಸೆಸ್ಸೆಲ್ಸಿ ನನಗೂ ಆಗಲಿಲ್ಲ, ನಾನು ಅದಕ್ಕೂ ಆಗಲಿಲ್ಲ. ಹಂಗಾಗಿ ಸಂಜೆ ಹೊತ್ತು ಹೊಳೆನರಸೀಪುರದ ಕಾಲೇಜು ಮೈದಾನದ ಕಾಂಪೌಂಡ್ ಮೇಲೆ ಕೂತು, ಒಳಗೆ ಸಾಫ್ಟ್‌ಬಾಲ್ ಆಡೋ ಹುಡುಗೀರನ್ನ ರೇಗಿಸೋದೇ ನನ್ನ ಉದ್ಯೋಗ ಆಗಿತ್ತು. ನಮ್ಮಕ್ಕನೂ ಅದೇ ಟೀಮಿನಲ್ಲಿದ್ದಳು. ಹೊಡೆದವಳು ಓಡ್ತಾ ಮುಟ್ಟಬೇಕಾದ ಗುರುತುಗಳಿಗೆ ಬೇಸ್ ಅಂತಾರೆ; ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವೆ ನಿಂತು ಚೆಂಡು ತಡೆಯೋ ಜಾಗ ಅವಳದು. ಅದಕ್ಕೆ ಶಾರ್ಟ್‌ಸ್ಟಾಪ್ ಅಂತಾರೆ.

ಯಾರಾದರೂ ಚೆಂಡು ಬಿಟ್ಟರೆ ಸಾಕು, "ಅಯ್ಯೋ, ಅದನ್ನ ನಮ್ಮಜ್ಜೀನೂ ಇಡೀತಿದ್ಲು ಕಣ್ರೇ!" ಅಂತ ಕೂಗ್ತಿದ್ದೆ. ಒಂದಿನ ಪಿ.ಟಿ. ಮೇಷ್ಟ್ರು ಹಿಂದಿನಿಂದ ಬಂದು ಕಿವಿ ಹಿಡಿದು ಕೆಳಗಿಳಿಸಿದರು.

"ಯಾವುದನ್ನ ಹಿಡೀಬೋದಿತ್ತು, ಯಾವುದನ್ನ ಹಿಡಿಯೋಕಾಗಲ್ಲ, ಎಲ್ಲಾ ನಿಂಗೇ ಗೊತ್ತಲ್ಲ! ಬಾ, ಕೂತ್ಕೊಂಡು ಬರಿ."

ಕೆಲಸ ಇಷ್ಟೇ. ಒಬ್ಬಳು ಬ್ಯಾಟ್ ಬೀಸಿ ಓಡ್ತಾಳೆ. ಸಾಧಾರಣ ಶ್ರಮದಲ್ಲಿ ತಡೆಯಬಹುದಾದ ಚೆಂಡನ್ನ ತಡೆಯೋಳು ಬಿಟ್ಟರೆ ಅವಳ ಹೆಸರಿಗೆ ಎರರ್. ಯಾರಿಗೂ ಆಗದಂಥ ಚೆಂಡಾದರೆ ಹೊಡೆದವಳಿಗೆ ಹಿಟ್. ಯಾವುದು ಯಾವುದು ಅಂತ ತೀರ್ಮಾನ ಮಾಡೋನು ಸ್ಕೋರರ್. ಅಂದರೆ ನಾನು.

"ಸಾಧಾರಣ ಶ್ರಮ ಅಂದ್ರೆ ಎಷ್ಟು ಸಾ?"

"ಆ ಜಾಗದಲ್ಲಿ ಒಬ್ಳು ಮಾಮೂಲಿ ಆಟಗಾರ್ತಿ ಎಷ್ಟು ಕಷ್ಟ ಪಡ್ತಾಳೋ ಅಷ್ಟು."

"ಮಾಮೂಲಿ ಅಂದ್ರೆ ಸಾ?"

ಮೇಷ್ಟ್ರು ನನ್ನನ್ನ ಮೇಲಿಂದ ಕೆಳಗೆ ನೋಡಿದರು. "ಪರೀಕ್ಷೆಗೆ ನೀನು ಪಟ್ಟಿದ್ಯಲ್ಲ, ಅದಕ್ಕಿಂತ ಜಾಸ್ತಿ. ಸದ್ಯಕ್ಕೆ ಇಷ್ಟು ತಿಳ್ಕೋ."

ಈರುಳ್ಳಿ ಪ್ರಯೋಗ

ಆ ಮಾತು ನನ್ನ ತಲೇಲಿ ಹುಳ ಬಿಟ್ಟಿತು. ಮಾಮೂಲಿ ಮನುಷ್ಯ ಎಷ್ಟು ಹಿಡೀತಾನೆ? ಪುಸ್ತಕ ಓದೋ ಜಾತಿ ನಾನಲ್ಲ. ಎಸೆದೇ ನೋಡಬೇಕು.

ಜಗಲಿ ಮೇಲೆ ಅಜ್ಜಿ ಅವರೆಕಾಯಿ ಸುಲೀತಾ ಕೂತಿತ್ತು. ಬಾಗಿಲಿಂದ "ಅಜ್ಜೀ, ಇಡಿ!" ಅಂತ ಒಂದು ಈರುಳ್ಳಿ ಎಸೆದೆ. ಅಜ್ಜಿ ತಲೆ ಎತ್ತಲಿಲ್ಲ. ಸೆರಗು ಒಂಚೂರು ಅಗಲ ಮಾಡಿತು, ಈರುಳ್ಳಿ ಬಂದು ಅದರೊಳಗೆ ಕೂತಿತು.

"ಇನ್ನೊಂದೆರಡು ಎಸಿ ಮಗ, ಸಾರಿಗೆ ಬೇಕು" ಅಂತು.

ಕಾಂಪೌಂಡ್ ಮೇಲಿಂದ ನಾನು ಕೂಗ್ತಿದ್ದುದು ಸುಳ್ಳಲ್ಲ ಅಂತ ಆಗ ಗೊತ್ತಾಯ್ತು.

ಆಮೇಲೆ ಅಪ್ಪನ ಸರದಿ. ಅಪ್ಪ ಕುರ್ಚೀಲಿ ಕೂತು ಮೊಬೈಲ್ ನೋಡ್ತಾ ಇದ್ದರು. ಈರುಳ್ಳಿ ಎದೆಗೆ ತಗುಲಿ ನೆಟ್ಟಗೆ ಕಾಫಿ ಲೋಟಕ್ಕೆ ಬಿತ್ತು.

"ಯಾವನ್ಲಾ ಅವ್ನು!"

"ಎರರ್ ಕಣಪ್ಪ. ನಿನ್ ವಯಸ್ಸಿನ ಮಾಮೂಲಿ ಮನ್ಸ ಇಡೀಬೇಕಿತ್ತು."

ಅಪ್ಪ ಕಾಲಿಂದ ಚಪ್ಪಲಿ ತೆಗೆದು ಬೀಸಿದರು. ನಾನು ಬಗ್ಗಿದೆ. ಚಪ್ಪಲಿ ನನ್ನ ತಲೆ ಮೇಲಿಂದ ಹಾರಿ ಅಡುಗೆಮನೆ ಬಾಗಿಲಿಗೆ ಹೋಯ್ತು. ಅಲ್ಲಿ ಒಂದು ಕೈಯಲ್ಲಿ ಮುದ್ದೆ ಕೋಲು ಹಿಡಿದು ನಿಂತಿದ್ದ ಅಮ್ಮ ಇನ್ನೊಂದು ಕೈಯಲ್ಲಿ ಅದನ್ನ ಗಪ್ಪಂತ ಹಿಡಿದಳು. ಹಿಡಿದು, ಅಪ್ಪನ ಕಡೆ ತಿರುಗಿ ಅಂದಳು:

"ಚಪ್ಪಲೀನ ಅಡುಗೆಮನೆ ತಾವ ತರಬ್ಯಾಡಿ ಅಂತ ನಿಮಗೆ ಎಷ್ಟು ಸತಿ ಏಳ್ಬೇಕು?"

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪನ ಸಿಟ್ಟು ನನ್ನಿಂದ ಅಕ್ಕನ ಮೇಲೆ ತಿರುಗಿತು. "ಈ ಸತಿ ಜಿಲ್ಲಾ ಟೀಮಿಗೆ ಸೇರುದ್ರೆ ಆಡ್ಕೊ. ಇಲ್ಲಾಂದ್ರೆ ಆ ಗ್ಲೌಸ್ ಅಟ್ಟಕ್ಕೆಸೆದು ಟೈಲರಿಂಗ್ ಕಲಿಯಾಕೆ ಓಗು." ಅಕ್ಕ ಮುದ್ದೆ ಮುರಿಯೋದನ್ನೇ ನಿಲ್ಲಿಸಿದಳು. ಸೂಜಿ ಕಂಡರೆ ಅವಳಿಗೆ ಆಗಲ್ಲ.

ಮಾತು ಬಿಟ್ಟವರ ಚೆಂಡು

ಚನ್ನರಾಯಪಟ್ಟಣದಲ್ಲಿ ಮ್ಯಾಚು. ನಮ್ಮೋಳೊಬ್ಬಳು ಹೊಡೆದ ಚೆಂಡು ಆಕಾಶಕ್ಕೆ ಹೋಗಿ ನಿಧಾನಕ್ಕೆ ಇಳೀತಾ ಇತ್ತು. ಆ ಊರಿನ ಇಬ್ಬರು ಹುಡುಗೀರು ಎರಡು ಕಡೆಯಿಂದ ಓಡಿ ಬಂದರು. ಇಂಥ ಹೊತ್ತಲ್ಲಿ ಒಬ್ಬಳು "ನಂದು!" ಅಂತ ಕೂಗಬೇಕು, ಇನ್ನೊಬ್ಬಳು ಸರೀಬೇಕು. ಇಬ್ಬರೂ ಕೂಗಲಿಲ್ಲ. ಚೆಂಡಿನ ಕೆಳಗೆ ಬಂದು ನಿಂತು, ಒಬ್ಬಳು ಆ ಕಡೆ ಮುಖ ಮಾಡಿದಳು, ಇನ್ನೊಬ್ಬಳು ಈ ಕಡೆ. ಚೆಂಡು ಇಬ್ಬರ ಮಧ್ಯೆ ಧೊಪ್ಪಂತ ಬಿತ್ತು.

ನಾನು ಪೆನ್ನು ಹಿಡಿದು ಅವರ ಮೇಡಂನ ಕೇಳಿದೆ, "ಯಾಕೆ ಮೇಡಂ ಕೂಗ್ಲಿಲ್ಲ?"

ಮೇಡಂ ಹಣೆ ಚಚ್ಚಿಕೊಂಡರು. "ದೊಡ್ಡಪ್ಪ ಚಿಕ್ಕಪ್ಪನ ಮಕ್ಳು ಕಣಪ್ಪ. ಅಜ್ಜ ಹೋದ್ಮೇಲೆ ಹಿತ್ತಲಿಗೆ ಗೋಡೆ ಎದ್ದಿದೆ. ಮನೆಯವರ ಜೊತೆ ಇವರೂ ಮಾತು ಬಿಟ್ಟಿದಾರೆ."

ಹಿಡಿಯೋಕೆ ಸುಲಭವಾದ ಚೆಂಡು, ಅದರಲ್ಲಿ ಅನುಮಾನ ಇಲ್ಲ. ಒಬ್ಬರಿಗೆ ಎರರ್ ಹಾಕಲೇಬೇಕು. ಆದರೆ ಯಾರಿಗೆ? ಬಲಗಡೆಯೋಳು "ಅವ್ಳ ಕಡೀಕೆ ಬಿದ್ದಿದ್ದು" ಅಂದಳು. ಎಡಗಡೆಯೋಳು ನನಗಂದಳು, "ಅವ್ಳಿಗೆ ಏಳಿ, ಅವ್ಳ ಪಾಲಿಗೇ ಬಂದಿದ್ದು." ಮೇಷ್ಟ್ರು ಅಳತೆ ಟೇಪ್ ತಂದು ಇಬ್ಬರ ಹೆಜ್ಜೆ ಗುರುತಿಂದ ಚೆಂಡಿಗೆ ಹಿಡಿದರು. ಸಮ!

"ಬೇಗ ಬರಿಯೋ, ಆಟ ನಿಂತೈತೆ" ಅಂತ ಅವರು ಗದರಿದಾಗ ನನಗೆ ತೋಚಿದ್ದು ಒಂದೇ.

"ಸಾ, ಅವರಜ್ಜನ ಎಸರಿಗೆ ಆಕ್ಲಾ? ಸರಿಯಾಗಿ ಭಾಗ ಮಾಡ್ದೇ ಓಗವ್ರೆ."

ಓಡೋಳೂ ಓಡದೋಳೂ

ಅರಕಲಗೂಡಿನ ಮೈದಾನದಲ್ಲಿ ಅರ್ಧಕ್ಕೆ ಮುಸುಕಿನ ಜೋಳ ಒಣಗಹಾಕಿದ್ದರು. ಉಳಿದ ಅರ್ಧದಲ್ಲಿ ಆಟ. ಆ ಊರಿನ ಶಾರ್ಟ್‌ಸ್ಟಾಪ್ ಹುಡುಗಿ ಹೊಗೆಸೊಪ್ಪು ಬೆಳೆಯೋರ ಮನೆಯವಳಂತೆ. ಅವಳ ಕೈ ಹೆಂಗೆ ಆಡ್ತಿತ್ತು ಅಂದರೆ, ಸೊಪ್ಪು ಕಡ್ಡಿಗೆ ಕಟ್ಟೋ ಹೊತ್ತಲ್ಲಿ ಪಕ್ಕ ಕೂತೋರ ಬೆರಳನ್ನೂ ಸೇರಿಸಿ ಕಟ್ಟಿಬಿಟ್ಟಾಳು ಅನ್ನೋ ಹಂಗಿತ್ತು. ಯಾರೂ ಹೋಗದ ಚೆಂಡಿಗೂ ಅವಳು ಹೋಗೋಳು. ಜೋಳದ ರಾಶಿ ಮೇಲೆ ಬಿದ್ದು ಗ್ಲೌಸ್ ಚಾಚೋಳು. ಕೆಲವು ಸಿಕ್ಕವು, ಕೆಲವು ಬೆರಳ ತುದಿಗೆ ತಾಗಿ ಜಾರಿದವು.

ಜಾರಿದಾಗಲೆಲ್ಲ ಸುತ್ತ ನಿಂತಿದ್ದ ಆಟೋದವರು "ಎರರ್! ಎರರ್!" ಅಂತ ಬೊಬ್ಬೆ ಹಾಕೋರು. ನಾನು ಹಿಟ್ ಅಂತಲೇ ಬರೆದೆ. ಮಾಮೂಲಿ ಹುಡುಗಿ ಅಷ್ಟು ದೂರಕ್ಕೆ ಹೋಗ್ತಾನೇ ಇರಲಿಲ್ಲ. ಹೋದದ್ದು ಅವಳ ತಪ್ಪು ಹೆಂಗಾದೀತು?

ನಮ್ಮಕ್ಕನ ಹೆಸರಿನ ಮುಂದೆ ಮಾತ್ರ ಒಂದೂ ಎರರ್ ಇರಲಿಲ್ಲ. ಚೊಕ್ಕ ಅಂದ್ರೆ ಚೊಕ್ಕ. ಯಾಕೆ ಅಂತ ನಾನು ಅವತ್ತೇ ಕುತೂಹಲದಿಂದ ಅವಳನ್ನೇ ನೋಡ್ತಾ ಕೂತೆ. ಒಂದು ಚೆಂಡು ಅವಳಿಂದ ಎರಡು ಹೆಜ್ಜೆ ಆಚೆ ಉರುಳಿಕೊಂಡು ಹೋಯ್ತು. ಅಕ್ಕ, ನಮ್ಮೂರಿಗೆ ಹೋಗದ ಬಸ್ಸನ್ನ ನೋಡೋ ಹಂಗೆ, ಅದನ್ನ ನೋಡ್ತಾ ನಿಂತಳು.

ವಾಪಸ್ ಬರ್ತಾ ಬಸ್ಸಲ್ಲಿ ಕೇಳಿದೆ. ಗುಟ್ಟು ಬಿಟ್ಟುಕೊಟ್ಟಳು.

"ಆ ಹುಡುಗಿ ಎಲ್ಲಾದಕ್ಕೂ ಓಡ್ತಾಳೆ, ಮುಟ್ತಾಳೆ, ಬಿಡ್ತಾಳೆ, ಜನ ನೋಡ್ತಾರೆ. ನಾನು ಮುಟ್ಟಾಕೇ ಓಗಲ್ಲ. ಮುಟ್ಟದಿದ್ರೆ ನೀವು ಸ್ಕೋರರ್‌ಗಳು ಎರರ್ ಎಂಗ್ ಬರೀತೀರ? ಜಿಲ್ಲಾ ಟೀಮಿಗೆ ಒಬ್ಳೇ ಶಾರ್ಟ್‌ಸ್ಟಾಪ್ ಕಣೋ, ಇದು ಬುದ್ಧಿವಂತಿಕೆ."

"ಔದಕ್ಕ. ಮನೇಲಿ ಪಾತ್ರೆ ತೊಳಿಯೋದ್ರಲ್ಲೂ ನೀನು ಇಂಗೇ. ಇವತ್ತಿನವರೆಗೂ ಒಂದು ಲೋಟಾನೂ ಒಡೆದಾಕಿಲ್ಲ."

ಕಂಡಕ್ಟರ್ ಬಂದು ಬಿಡಿಸಿದ.

ಹಾಸನದ ಮೈಕು

ಹಾಸನದಲ್ಲಿ ಆಯ್ಕೆ. ನಮ್ಮೂರಿಗೂ ಅರಕಲಗೂಡಿಗೂ ಮ್ಯಾಚ್ ಇಟ್ಟು, ಆಯ್ಕೆ ಮಾಡೋ ಮೇಡಂ ಎದುರಿಗೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬೆಳಿಗ್ಗೆ ಅಕ್ಕ ಯಾವತ್ತೂ ಇಲ್ಲದೆ ನನಗೆ ಮಸಾಲೆದೋಸೆ ಕೊಡಿಸಿ, "ಇನ್ನೊಂದು ಏಳ್ಲಾ ಮರಿ?" ಅಂದಳು. ನಾನು ಎರಡನ್ನೂ ತಿಂದೆ. ಮಾತು ಮಾತ್ರ ಕೊಡಲಿಲ್ಲ.

ಅಲ್ಲಿ ನನ್ನ ಮೇಜು ಮೂರನೇ ಬೇಸಿನ ಗೆರೆಯಾಚೆ. ಮೇಜಿನ ಮೇಲೆ ಒಂದು ಮೈಕು. ತೀರ್ಮಾನ ಬರೆದರೆ ಸಾಲದು, ಇಡೀ ಮೈದಾನಕ್ಕೆ ಕೇಳೋ ಹಂಗೆ ಹೇಳಬೇಕು. ನನ್ನ ಕೈಗೆ ಮೈಕು!

ಆಟ ಸ್ವಲ್ಪ ಮುಂದಕ್ಕೆ ಹೋಗಿತ್ತು. ಒಂದು ಚೆಂಡು ಮೆತ್ತಗೆ ಉರುಳ್ತಾ ಅಕ್ಕನ ಪಕ್ಕಕ್ಕೆ ಬಂತು. ಎರಡೇ ಹೆಜ್ಜೆ. ಅಕ್ಕ ನಿಂತಲ್ಲೇ ನಿಂತು, ಗೌರವವಾಗಿ ಅದನ್ನ ಕಳಿಸಿಕೊಟ್ಟಳು.

ನಾನು ಯೋಚನೆ ಮಾಡಿದೆ. ಟೈಲರಿಂಗ್ ಕ್ಲಾಸ್ ಕಣ್ಣ ಮುಂದೆ ಬಂತು. ದೋಸೆ ಹೊಟ್ಟೆಯೊಳಗಿಂದ ಏನೋ ಹೇಳ್ತು. ಆದರೆ ಜಗಲಿ ಮೇಲೆ ಕೂತ ನಮ್ಮಜ್ಜಿ ನೆನಪಾಯ್ತು. ಅಜ್ಜಿ ಆಗಿದ್ದರೆ ಸೆರಗಲ್ಲೇ ಹಿಡೀತಿತ್ತು. ಮೈಕ್ ಎತ್ತಿದೆ.

"ಎರರ್, ಶಾರ್ಟ್‌ಸ್ಟಾಪ್."

ಅಕ್ಕ ಅಲ್ಲಿಂದಲೇ ಕಿರುಚಿದಳು, "ಲೇ! ನಾನು ಮುಟ್ಟೇ ಇಲ್ವಲ್ಲೋ!"

"ಅದಕ್ಕೇ" ಅಂತ ಮೈಕಲ್ಲೇ ಹೇಳಿದೆ.

ಮೈದಾನವೆಲ್ಲ ಘೊಳ್ಳಂತ ನಕ್ಕಿತು. ಅಕ್ಕನ ಮುಖ ಕೆಂಡ ಆಯ್ತು. ಮುಂದಿನ ಎಸೆತಕ್ಕೆ ಬ್ಯಾಟ್ ಅಂಚಿಗೆ ತಾಗಿದ ಚೆಂಡು ಮೇಲೆದ್ದು, ಗೆರೆ ದಾಟಿ, ಸೀದಾ ನನ್ನ ಮೇಜಿನ ಕಡೆಗೇ ಬರತೊಡಗಿತು. ಮೂರನೇ ಬೇಸಿನ ಹುಡುಗಿ ಆಸೆ ಬಿಟ್ಟು ನಿಂತಳು. ನಾನು ಚೆಂಡು ನೋಡಲಿಲ್ಲ. ಯಾಕೆಂದರೆ ಚೆಂಡಿಗಿಂತ ಜೋರಾಗಿ ನಮ್ಮಕ್ಕ ಬರ್ತಾ ಇದ್ದಳು. ಅಷ್ಟು ಜೋರಾಗಿ ಅವಳು ಓಡಿದ್ದನ್ನ ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಒಂದೇ ನೆಗೆತ. ಮೇಜು ಮುರೀತು, ಮೈಕು ಕುಯ್ಯೋ ಅಂತು, ನಾನು ಕೆಳಗೆ, ಅಕ್ಕ ಮೇಲೆ. ಅವಳ ಗ್ಲೌಸೊಳಗೆ ಚೆಂಡು.

ಮೇಡಂ ಕುರ್ಚಿ ಬಿಟ್ಟು ಓಡಿ ಬಂದರು. "ಏನಮ್ಮಾ ಕ್ಯಾಚು! ಇಷ್ಟೊತ್ತು ಈ ಓಟ ಎಲ್ಲಿಟ್ಟಿದ್ದೆ?"

ಅಕ್ಕ ಏದುಸಿರು ಬಿಡ್ತಾ ಎದ್ದಳು. ಸಿಟ್ಟಲ್ಲಿ ಸುಳ್ಳು ಹೇಳೋಕೂ ಅವಳಿಗೆ ಪುರುಸೊತ್ತಿರಲಿಲ್ಲ.

"ನಾನು ಬಾಲಿಗೆ ಓಡ್ಲಿಲ್ಲ ಮೇಡಂ. ಇವ್ನಿಗೆ ಬಾರ್ಸಾಕೆ ಓಡ್ದೆ. ಬಾಲು ದಾರೀಲಿ ಸಿಕ್ತು."

ಸಂಜೆ ಹೆಸರು ಓದಿದರು. ಶಾರ್ಟ್‌ಸ್ಟಾಪ್ ಜಾಗ ಅರಕಲಗೂಡಿನ ಹುಡುಗಿಗೆ. ಅಕ್ಕ ಗ್ಲೌಸ್ ಬಿಚ್ಚಿ ಚೀಲಕ್ಕೆ ತುರುಕುವಾಗ ಅವಳ ಹೆಸರೂ ಬಂತು. ದೂರದ ಚೆಂಡು ಓಡಿ ಹಿಡಿಯೋ ಲೆಫ್ಟ್ ಫೀಲ್ಡ್ ಜಾಗಕ್ಕೆ. ನಮ್ಮ ಮೇಷ್ಟ್ರು ಕೈ ಮುಗಿದು ಥ್ಯಾಂಕ್ಸ್ ಹೇಳೋಕೆ ಹೋದರೆ ಮೇಡಂ ನನ್ನ ಕಡೆ ಬೆರಳು ತೋರಿಸಿದರು.

"ಒಂದು ಕಂಡೀಷನ್ ಸರ್. ರಾಜ್ಯದ ಮ್ಯಾಚಿಗೆ ಆ ಸ್ಕೋರರ್ ಹುಡುಗನ್ನೂ ಕರ್ಕೊಂಡು ಬನ್ನಿ. ಚೆಂಡು ಎಲ್ಲೆಲ್ಲಿ ಬೀಳುತ್ತೋ ಅಲ್ಲೆಲ್ಲ ಅವನನ್ನ ಕೂರಿಸಿ."