ಬೋರೇಗೌಡರು ಹೋಗ್ಬುಟ್ರು

ಮೊಬೈಲ್ ಫೋನ್ ಕಲಿಸುವುದರಲ್ಲಿ ಹೆದರುವಂಥದ್ದೇನೂ ಇಲ್ಲವೆಂದು ನಾನು ನಂಬಿದ್ದೆ. ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಕೂದಲು ನರೆಸಿಕೊಂಡು, ನಿವೃತ್ತನಾಗಿ ಕುದೂರಿಗೆ ಬಂದವನು ನಾನು. ಚುನಾವಣೆ, ಅಪಘಾತ, ಗಣ್ಯರ ನಿಧನ, ಯಾವ ಸುದ್ದಿಗೂ ಬೆಚ್ಚಿದವನಲ್ಲ. ಊರಿನ ಹಿರಿಯರಿಗೆ ವಾಟ್ಸಾಪ್ ಹೇಳಿಕೊಡಲು ಯಾರಾದರೂ ಬೇಕು ಎಂಬ ಮಾತು ಹಾಲಿನ ಡೈರಿಯಲ್ಲಿ ಬಂದಾಗ, ಎಲ್ಲರಿಗಿಂತ ಮೊದಲು ಕೈ ಎತ್ತಿದೆ.

"ನೀವು ಫೋಟೊ ತೆಗೆದರೆ ಅರ್ಧ ನಿಮ್ಮ ಹೆಬ್ಬೆರಳೇ ಇರುತ್ತೆ. ನೀವು ಕಲಿಸೋದಾ?" ಎಂದಳು ಹೆಂಡತಿ ಜಯ.

"ಇದು ಸಮಾಜಸೇವೆ," ಎಂದೆ.

"ಅದಕ್ಕೇ ಭಯ," ಎಂದಳು.

ಭಾನುವಾರ ಡೈರಿಯ ಹಿಂದಿನ ಕೋಣೆಯಲ್ಲಿ ತರಗತಿ. ಶಿಸ್ತಿಗಾಗಿ ಮೊದಲು ಎಲ್ಲರ ಫೋನುಗಳನ್ನೂ ಸೈಲೆಂಟ್ ಮಾಡಿಸಿದೆ. ಆಮೇಲೆ, ಬೆಳಗಾದರೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಸುರಿಯುವ ಗ್ರೂಪುಗಳಿಂದ ಹೊರಬರುವುದು ಹೇಗೆ ಎಂಬ ಪಾಠ. ಅಭ್ಯಾಸಕ್ಕೆಂದು ತರಗತಿಯದೇ ಒಂದು ಗ್ರೂಪ್ ಮಾಡಿದ್ದೆ. ರಾಗಿ, ಹುರುಳಿ ಬೆಳೆಯುವ ಬೋರೇಗೌಡರು ಧೈರ್ಯವಾಗಿ ಮುಂದೆ ಬಂದು, ನಾನು ಹೇಳಿದ ಕಡೆ ಒತ್ತಿ, ಗ್ರೂಪಿನಿಂದ ಹೊರಬಿದ್ದರು. ಉಳಿದವರ ಫೋನಿನಲ್ಲೆಲ್ಲ 'ಬೋರೇಗೌಡ ಲೆಫ್ಟ್' ಎಂದು ಮೂಡಿತು.

"ಲೆಫ್ಟು ಅಂದ್ರೆ ಎಡಗಡೆ ಅಲ್ವಾ ಸಾ?" ಎಂದು ಕೇಳಿದವರು ಪುಟ್ಟತಾಯಮ್ಮ. ಬೋರೇಗೌಡರ ಚಿಕ್ಕಪ್ಪನ ಮನೆಯ ಸೊಸೆ. ಇಡೀ ತರಗತಿಯಲ್ಲಿ ಚುರುಕು ಅವರೇ.

"ಇಲ್ಲಿ ಹಾಗಲ್ಲಮ್ಮ. ಹೋದರು ಅಂತ. ಹೋಗಿಬಿಟ್ಟರು."

ಮುಂದಿನ ಪಾಠ, ಮಾತನ್ನೇ ರೆಕಾರ್ಡ್ ಮಾಡಿ ಕಳಿಸುವುದು. ಇಲ್ಲಿ ನನ್ನೊಳಗಿನ ಪತ್ರಕರ್ತ ಎದ್ದು ಕುಳಿತ. "ಯಾರು, ಏನು, ಯಾವಾಗ. ಇಷ್ಟೇ ಹೇಳಿ. ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳಿ," ಎಂದೆ. ಪುಟ್ಟತಾಯಮ್ಮ ಫೋನನ್ನು ಬಾಯಿಯ ಹತ್ತಿರ ಹಿಡಿದು, ನೆಂಟರ ಗ್ರೂಪಿಗೆ ಹೇಳಿದರು: "ನಮ್ ಬೋರೇಗೌಡ ಬಾವ ಈಗ್ತಾನೆ ಹೋಗ್ಬುಟ್ರು. ಡೈರಿತಾವ. ನಮ್ ಕಣ್ಣೆದುರ್ಗೇ."

"ಭೇಷ್!" ಎಂದೆ. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಎಲ್ಲರಿಂದಲೂ ಚಪ್ಪಾಳೆ ತಟ್ಟಿಸಿದೆ. ಬೋರೇಗೌಡರೂ ತಟ್ಟಿದರು.

ಊಟಕ್ಕೆ ಕೂತಾಗ ನನ್ನ ಫೋನು ನೋಡಿದೆ. ಊರಿನ ಗ್ರೂಪೊಂದರಲ್ಲಿ ಸಾಲುಸಾಲಾಗಿ ಕೈಮುಗಿದ ಚಿತ್ರಗಳು. 'ಓಂ ಶಾಂತಿ.' ಯಾರಪ್ಪ ತೀರಿಕೊಂಡರು ಎಂದು ಹಳೆಯ ಕುತೂಹಲದಿಂದಲೇ ಮೇಲಕ್ಕೆ ಸರಿಸಿದೆ. ಪುಟ್ಟತಾಯಮ್ಮನ ಧ್ವನಿ ಯಾರ್ಯಾರ ಫೋನನ್ನೋ ಸುತ್ತಿಕೊಂಡು ನನ್ನಲ್ಲಿಗೇ ಬಂದಿತ್ತು! ನಮ್ಮ ಕಡೆ ಮನುಷ್ಯ ಹೋಗ್ಬುಟ್ಟ ಎಂದರೆ ಒಂದೇ ಕಡೆಗೆ ಹೋಗುವುದು. ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

ಗೌಡರ ಮನೆಗೆ ಓಡಿದೆ. ಅವರು ಮುದ್ದೆ ಮುರಿಯುತ್ತಿದ್ದರು. ಪಕ್ಕದ ಮೂಟೆಯ ಮೇಲೆ ಫೋನು ಸದ್ದಿಲ್ಲದೆ ಮಿನುಗುತ್ತಿತ್ತು. ನಾನೇ ಸೈಲೆಂಟ್ ಮಾಡಿಸಿದ ಫೋನು! ಇಡೀ ಬಳಗ ಕರೆ ಮಾಡಿ, ಎತ್ತುವವರಿಲ್ಲದೆ, ಸುದ್ದಿಯನ್ನು ಖಚಿತಪಡಿಸಿಕೊಂಡಿತ್ತು. ಅಷ್ಟರಲ್ಲಿ ಕಲ್ಯದಿಂದ ಬಂದ ನೆಂಟರೊಬ್ಬರು ಹೂವಿನ ಹಾರ ಹಿಡಿದು ಬಾಗಿಲಲ್ಲಿ ನಿಂತರು. ಗೌಡರನ್ನು ನೋಡಿದರು, ಮುದ್ದೆಯನ್ನು ನೋಡಿದರು.

"ಉಣ್ತಿದ್ದೀಯಾ?" ಎಂದರು, ತುಸು ಬೇಸರದಲ್ಲೇ.

ಹಿಂದೆಯೇ ಪುಟ್ಟತಾಯಮ್ಮ ಏದುಸಿರು ಬಿಡುತ್ತ ಬಂದರು. "ಸಾ, ಕನಕಪುರದಿಂದ ಕೆಂಪಮ್ಮಕ್ಕ ಹೊರಟ್ಬುಟ್ಟವ್ಳಂತೆ! ಬಸ್ಸಲ್ಲೇ ಅಳ್ತಾ ಬತ್ತಾವ್ಳಂತೆ!"

ಕೆಂಪಮ್ಮ ಬೋರೇಗೌಡರ ಒಬ್ಬಳೇ ಅಕ್ಕ. ಗೌಡರು ಎದ್ದು ನಿಂತರು. "ಅವಳ ಹಾರ್ಟಿಗೆ ಸ್ಟೆಂಟ್ ಹಾಕ್ಸಿ ಇನ್ನೂ ತಿಂಗ್ಳಾಗಿಲ್ಲ ಸಾ. ಡಾಕ್ಟ್ರು ಗಾಬ್ರಿ ಮಾಡ್ಲೇಬ್ಯಾಡಿ ಅಂದವ್ರೆ. ಅವಳಿಗೇನಾರ..." ವಾಕ್ಯ ಮುಗಿಸಲಿಲ್ಲ. ಅರ್ಧಕ್ಕೆ ನಿಂತ ಎಷ್ಟೋ ವಾಕ್ಯಗಳನ್ನು ತಿದ್ದಿದ್ದೇನೆ. ಇದನ್ನು ಮುಟ್ಟುವ ಧೈರ್ಯವಾಗಲಿಲ್ಲ.

ಕೆಂಪಮ್ಮನ ಜೊತೆ ಬರುತ್ತಿದ್ದ ಅವರ ಮಗನಿಗೆ ಕರೆ ಮಾಡಿದರೆ ಫೋನು ಸಿಗಲಿಲ್ಲ. ಸುಳ್ಳು ಸುದ್ದಿಗೆ ಮದ್ದು ತಿದ್ದುಪಡಿ. ಗೌಡರನ್ನು ಜಗಲಿಯ ಮೇಲೆ ಕುರ್ಚಿ ಹಾಕಿ ಕೂರಿಸಿ, ಫೋಟೊ ತೆಗೆದು, 'ಬೋರೇಗೌಡರು ನಮ್ಮೊಂದಿಗೇ ಇದ್ದಾರೆ' ಎಂದು ಬರೆದು ಪುಟ್ಟತಾಯಮ್ಮನಿಂದ ನೆಂಟರ ಗ್ರೂಪಿಗೆ ಹಾಕಿಸಿದೆ. ಸದ್ಯ, ಹೆಬ್ಬೆರಳು ಬಂದಿರಲಿಲ್ಲ.

ಜಯ ಅಷ್ಟರಲ್ಲಿ ಬಂದು ಫೋಟೊ ನೋಡಿದಳು. "ರೀ, ಕಣ್ಣು ಮುಚ್ಚಿದ್ದಾರೆ."

ಗೌಡರು ಆ ಕ್ಷಣಕ್ಕೆ ರೆಪ್ಪೆ ಬಡಿದಿದ್ದರು. ಕಲ್ಯದವರು ಕೆಳಗಿಟ್ಟ ಹಾರ ಗೌಡರ ಕಾಲ ಬಳಿಯೇ ಇತ್ತು. ಸುತ್ತ ಜನ ಕೈಕಟ್ಟಿ ನಿಂತಿದ್ದರು. ಹೋದವರನ್ನು ಈ ಬಳಗದಲ್ಲಿ ಅಂತಿಮ ದರ್ಶನಕ್ಕೆ ಕೂರಿಸುವುದೂ ಜಗಲಿಯ ಮೇಲೆಯೇ. ಗ್ರೂಪಿನಲ್ಲಿ ಉತ್ತರಗಳು ಬರತೊಡಗಿದವು: 'ಹೌದು, ಸದಾ ನಮ್ಮೊಂದಿಗೇ ಇರುತ್ತಾರೆ.' 'ಮುಖದಲ್ಲಿ ಕಳೆ ಹಂಗೇ ಐತೆ.'

"ಇನ್ನೇನೂ ಕಳಿಸಬೇಡಿ," ಎಂದು ಜಯ ನನ್ನ ಫೋನು ಕಿತ್ತುಕೊಂಡಳು.

ಉಳಿದದ್ದು ಒಂದೇ ದಾರಿ. ಜೀವಂತ ತಮ್ಮನನ್ನು ದಿಢೀರನೆ ತೋರಿಸುವುದೂ ಆ ಹೃದಯಕ್ಕೆ ಅಪಾಯ. ಆದ್ದರಿಂದ ಗೌಡರು ಮನೆಯಲ್ಲೇ ಇರುವುದು, ನಾನು ಜಯಳ ಜೊತೆ ಬಸ್ ನಿಲ್ದಾಣಕ್ಕೆ ಹೋಗಿ ಕೆಂಪಮ್ಮನಿಗೆ ಮೆಲ್ಲಗೆ ತಿಳಿಸುವುದು ಎಂದು ತೀರ್ಮಾನವಾಯಿತು. ನಿಲ್ದಾಣದಲ್ಲಿ ನಿಂತಾಗ ಅಂಗಿ ಬೆನ್ನಿಗೆ ಅಂಟಿತ್ತು. ಕನಕಪುರದವರು ಬರಬೇಕಾದ ಮಾಗಡಿ ಕಡೆಯ ಬಸ್ಸು ತಿರುಗಿದಾಗಲೆಲ್ಲ ನನ್ನ ಎದೆಯೇ ಹಾರನ್ ಹೊಡೆಯುತ್ತಿತ್ತು. ಆ ಮುದುಕಿ ಮೆಟ್ಟಿಲ ಮೇಲೆಯೇ ಕುಸಿದರೆ? ಅದು ಯಾರ ಲೆಕ್ಕಕ್ಕೆ?

ಕೊನೆಗೆ ಬಂದರು. ಮಗನ ಭುಜ ಹಿಡಿದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಇಳಿದರು. ನಾನು ಅಭ್ಯಾಸ ಮಾಡಿಕೊಂಡಿದ್ದ ಮೆತ್ತನೆಯ ಮಾತೆಲ್ಲ ಆವಿಯಾಯಿತು. ಬಾಯಿಂದ ಬಂದದ್ದು ಸುದ್ದಿಮನೆಯ ಭಾಷೆ.

"ಅಮ್ಮಾ, ನಿಮ್ಮ ತಮ್ಮನ ಸಾವಿನ ಸುದ್ದಿಗೆ ಯಾವ ಆಧಾರವೂ ಇಲ್ಲ!"

ಕೆಂಪಮ್ಮ ಅಳು ನಿಲ್ಲಿಸಿದರು. ಮಗನ ಕಡೆ ತಿರುಗಿದರು. "ಆಧಾರ್ ಇಲ್ವಂತೆ ಕಣ್ಲಾ! ಆಧಾರ್ ಕಾರ್ಡ್ ಇಲ್ದಿದ್ರೆ ಮಣ್ಣು ಮಾಡಕ್ಕೂ ಬುಡಲ್ವೇನ್ಲಾ? ಅಯ್ಯೋ ನನ್ ತಮ್ಮಾ!" ಎಂದು ಎದೆ ಹಿಡಿದುಕೊಂಡರು.

ಎದೆ! ಅದೇ ಎದೆ! ನನ್ನ ಕಣ್ಣು ಕತ್ತಲಿಟ್ಟಿತು.

ಆಗಲೇ ಜನರ ನಡುವಿನಿಂದ ಬೋರೇಗೌಡರು ನುಗ್ಗಿಬಂದರು. ಮನೆಯಲ್ಲಿ ಕೂರಲು ಆಗಿರಲಿಲ್ಲ. "ಅಕ್ಕಾ!" ಎಂದರು. ಕೆಂಪಮ್ಮ ನೋಡಿದರು. ಉಸಿರೆಳೆದುಕೊಂಡರು. ಆ ಉಸಿರು ಹೊರಬರುವವರೆಗೆ ನಾನು ಬದುಕಿದ್ದೆನೋ ಇಲ್ಲವೋ ಖಚಿತವಾಗಿ ಹೇಳಲಾರೆ.

"ಬದ್ಕಿದ್ದೀಯೇನ್ಲಾ ಮುಂಡೇದೇ!" ಎಂದು ಕೈಚೀಲದಿಂದ ತಮ್ಮನ ಬೆನ್ನಿಗೆ ಬಾರಿಸಿದರು. ಇನ್ನೊಂದು ಬಾರಿಸಿದರು. ಆಮೇಲೆ ತಬ್ಬಿಕೊಂಡು ಅತ್ತರು. ಹೃದಯ ಗಟ್ಟಿಯಾಗಿತ್ತು. ಕುಸಿದದ್ದು ನಾನು!

ಕಣ್ಣು ಬಿಟ್ಟಾಗ ನಿಲ್ದಾಣದ ಕಲ್ಲುಬೆಂಚಿನ ಮೇಲಿದ್ದೆ. ಕೆಂಪಮ್ಮ ಸೆರಗಿನಿಂದ ಗಾಳಿ ಹಾಕುತ್ತ, ನನ್ನ ಬಾಯಿಗೆ ಎಳನೀರು ಹಿಡಿದಿದ್ದರು. "ಒಸಿ ಕುಡಿಯಪ್ಪ. ಪಾಪ, ಯಾರ ಮಗನೋ ಏನೋ, ನಮ್ ತಮ್ಮನ್ ಮ್ಯಾಲೆ ಎಷ್ಟು ಜೀವ ಇಟ್ಕಂಡವ್ನೆ! ಅಲ್ಲಾ ಕಣಪ್ಪ, ಇಂಥ ಸುದ್ದಿ ಹುಟ್ಟಿಸ್ದೋನು ಯಾವನು ಅಂತ ನಿಂಗೇನಾರ ಗೊತ್ತಾ? ಸಿಕ್ಕಿದ್ರೆ ಮೆಟ್ಟಲ್ಲಿ ಹೊಡೀತೀನಿ."

ಬೋರೇಗೌಡರು ನನ್ನನ್ನು ನೋಡಿದರು. ಜಯ ಬಸ್ಸಿನ ಬೋರ್ಡು ಓದತೊಡಗಿದಳು. ನಾನು ಎಳನೀರನ್ನು ನಿಧಾನವಾಗಿ, ಒಂದು ಹನಿಯೂ ಬಿಡದೆ ಕುಡಿದೆ.

"ಗೊತ್ತಿಲ್ಲ ಕಣಮ್ಮ," ಎಂದೆ.

ಇಷ್ಟು ವರ್ಷದ ವೃತ್ತಿಯಲ್ಲಿ ಸುದ್ದಿಯ ಮೂಲವೊಂದನ್ನು ಅಷ್ಟು ನಿಷ್ಠೆಯಿಂದ ಕಾಪಾಡಿದ್ದು ಅದೇ ಮೊದಲು.