ಹಿಮದ ಜ್ವಾಲಾಮುಖಿಗೆ ನೀವೂ ಬರ್ರಿ

ನನಗೊಂದು ಚಟವಿದೆ. ಎಲೆ ಅಡಿಕೆಯದಲ್ಲ, ಇಸ್ಪೀಟಿನದಲ್ಲ. ಆ ಚಟಗಳನ್ನು ಬಿಡಿಸಲು ಯಾರಾದರೂ ಸಿಗುತ್ತಾರೆ. ನನ್ನದು ಕರೆಯುವ ಚಟ. ಊಟಕ್ಕೆ ಕುಳಿತಾಗ ಬಾಗಿಲಲ್ಲಿ ಯಾರಾದರೂ ಕಂಡರೆ 'ಬರ್ರಿ, ಊಟ ಮಾಡೂಣು' ಎನ್ನುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ನಾನು ಕ್ಷೌರಕ್ಕೆ ಹೊರಟಾಗಲೂ ಎದುರಿಗೆ ಬಂದವರಿಗೆ 'ನೀವೂ ಬರ್ರಿ' ಎನ್ನುತ್ತೇನೆ. ಒಮ್ಮೆ ದವಡೆಯ ಹಲ್ಲು ಕೀಳಿಸಲು ಹೊರಟವನು, ಕೆನ್ನೆ ಹಿಡಿದುಕೊಂಡೇ, ಓಣಿಯ ತಿರುವಿನಲ್ಲಿ ಸಿಕ್ಕ ಪರಿಚಯದವರೊಬ್ಬರನ್ನು ಕರೆದೆ. ಅವರು ಪಾಪ ಬಂದೂ ಬಿಟ್ಟರು. ಬಂದ ಮೇಲೆ ಸುಮ್ಮನೆ ಕೂರುವುದೇಕೆಂದು ತಮ್ಮದೂ ಒಂದು ಹಲ್ಲು ತೋರಿಸಿದರು. ಡಾಕ್ಟರು ಅದನ್ನು ಕಿತ್ತೇಬಿಟ್ಟರು. ಅಂದಿನಿಂದ ಅವರು ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಾರೆ.

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಈ ಕರೆಯುವುದಕ್ಕೊಂದು ಕ್ರಮವಿದೆ. ಮೊದಲ ಸಲ ಕರೆದಾಗ ಒಲ್ಲೆ ಎನ್ನಬೇಕು. ಕರೆದ ಕೂಡಲೇ ಹೂಂ ಎಂದರೆ ಇದಕ್ಕೇ ಕಾದುಕೊಂಡಿದ್ದ ಅಂದುಕೊಳ್ಳುತ್ತಾರೆ. ಎರಡನೇ ಸಲವೂ ಒಲ್ಲೆ ಎನ್ನಬೇಕು, ಆದರೆ ತುಸು ಮೆತ್ತಗೆ. ಮೂರನೇ ಸಲ ಕರೆದರೆ ಮಾತ್ರ ಅದು ಮನಸ್ಸಿನಿಂದ ಬಂದ ಕರೆ. ಆಗ ಒಲ್ಲೆ ಎಂದರೆ ಕರೆದವರಿಗೆ ಅವಮಾನ. ಹಾಗಾಗಿ ತಿಳಿದವರು ಎರಡು ಸಲ ಕರೆದು ನಿಲ್ಲಿಸುತ್ತಾರೆ. ಕರೆದ ಹಾಗೂ ಆಯಿತು, ಚಹಾಪುಡಿಯೂ ಉಳಿಯಿತು. ನನ್ನ ತಾಪತ್ರಯವೆಂದರೆ ಎರಡಕ್ಕೆ ನಿಲ್ಲಿಸುವುದು ನನಗೆ ಗೊತ್ತಿಲ್ಲ. ಬೇರೆಯವರು ನನ್ನನ್ನು ಕರೆದಾಗಲಂತೂ ಮೊದಲ ಸಲಕ್ಕೆ ಹೂಂ ಅಂದ ನೆನಪೇ ಇಲ್ಲ. ಹೆಣ್ಣು ನೋಡಲು ಹೋದಾಗ ಗಿರಿಜಾಳ ಮನೆಯಲ್ಲಿ ಉಪ್ಪಿಟ್ಟಿಗೆ ಎರಡು ಸಲ ಒಲ್ಲೆ ಅಂದೆ. ಮೂರನೇ ಸಲ ಅವರು ಕೇಳಲೇ ಇಲ್ಲ. ಹಸಿದ ಹೊಟ್ಟೆಯಲ್ಲೇ ಮದುವೆಗೆ ಒಪ್ಪಿಕೊಂಡು ಬಂದೆ.

ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಗೋಕರ್ಣಕ್ಕೆ ಹೋಗುವುದೆಂದಾಗಿತ್ತು. ಹೊರಡುವ ಹೊತ್ತಿಗೆ ಬಾಡಿಗೆ ಜೀಪಿನಲ್ಲಿ ಹನ್ನೊಂದು ಜನರಿದ್ದರು. ಅವರೆಲ್ಲರನ್ನೂ ಯಾರು ಕರೆದರೆಂದು ಬೇರೆ ಹೇಳಬೇಕಾಗಿಲ್ಲ. ಸಮುದ್ರದ ದಂಡೆಯಲ್ಲಿ ತೆಗೆಸಿದ ಫೋಟೊ ಈಗಲೂ ನಮ್ಮ ದೇಶಪಾಂಡೆ ನಗರದ ಮನೆಯಲ್ಲಿದೆ. ಅದರಲ್ಲಿ ಒಂದು ತುದಿಗೆ ನಾನು, ಇನ್ನೊಂದು ತುದಿಗೆ ಗಿರಿಜಾ, ನಡುವೆ ಒಂಬತ್ತು ಮಂದಿ ಸಂಬಂಧಿಕರು. ಮೂವತ್ತೊಂದು ವರ್ಷಗಳಲ್ಲಿ ನಾವು ಮಾಡಿದ ಎಲ್ಲ ಪ್ರವಾಸಗಳೂ ಹೆಚ್ಚು ಕಡಿಮೆ ಆ ಫೋಟೊದ ಹಾಗೆಯೇ ನಡೆದಿವೆ.

ಈಗ ವಿಷಯಕ್ಕೆ ಬರುತ್ತೇನೆ. ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತನಾದ ಮಾಸ್ತರ. ಪ್ರತಿ ವರ್ಷ ಕರಿಹಲಗೆಯ ಮೇಲೆ ತ್ರಿಕೋಣ ಬರೆದು, ನಡುವೆ ಕೆಂಪು ಚಾಕ್‌ಪೀಸಿನಿಂದ ಕೊಳವೆ ಎಳೆದು, ನೆತ್ತಿಯ ಮೇಲೆ ಹೊಗೆ ಬಿಡಿಸಿ, 'ಇದು ಜ್ವಾಲಾಮುಖಿ' ಎನ್ನುತ್ತಿದ್ದೆ. 'ನೀವು ನೋಡೀರೇನ್ರಿ ಸರ?' ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಿದ್ದರು. 'ಮೊದಲ ಚಿತ್ರ ಬರಕೋ' ಎಂದು ಮಾತು ತೇಲಿಸುತ್ತಿದ್ದೆ. ನಾನು ಹತ್ತಿದ ಅತಿ ಎತ್ತರದ ಬೆಟ್ಟ ನಮ್ಮ ಹುಬ್ಬಳ್ಳಿಯ ನೃಪತುಂಗ ಬೆಟ್ಟ. ಅದರ ನೆತ್ತಿಯಿಂದ ಈತನಕ ಏನೂ ಉಕ್ಕಿಲ್ಲ.

ಗಿರಿಜಾ ಕಳೆದ ದೀಪಾವಳಿಯಲ್ಲಿ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಳು. ಜಪಾನಿನ ಈಶಾನ್ಯದಲ್ಲಿ ಹಚಿಮಂತಾಯಿ ಅಂತ ಜ್ವಾಲಾಮುಖಿ ಬೆಟ್ಟಗಳ ಸಾಲು. ಚಳಿಗಾಲವಿಡೀ ಮುಚ್ಚಿದ ರಸ್ತೆಯನ್ನು ಏಪ್ರಿಲ್‌ನಲ್ಲಿ ಹಿಮ ಕಡಿದು ತೆರೆಯುತ್ತಾರೆ. ಎರಡೂ ಕಡೆ ಆಳೆತ್ತರವನ್ನೂ ಮೀರಿದ ಬಿಳಿ ಗೋಡೆ, ನಡುವೆ ಕಪ್ಪು ರಸ್ತೆ. ಕೆಳಗಿನ ಊರಿನಲ್ಲಿ ಗಿಡದ ತುಂಬ ಗುಲಾಬಿ ಬಣ್ಣದ ಹೂ. ನೋಡಿ ನನಗೆ ಮೈ ಜುಮ್ಮೆಂದಿತು. ಗಿರಿಜಾ ಹೇಳಿದಳು: "ಅಲ್ಲೆನೂ ನಮ್ಮಂಗ ಎಡಗಡೆನ ಗಾಡಿ ಓಡಸ್ತಾರಂತ್ರಿ. ನಾ ಓಡಸ್ತೇನಿ. ನೀವು ಮಗ್ಗಲ್ದಾಗ ಕುಂತು ದಾರಿ ಹೇಳ್ರಿ."

ನಮ್ಮ ಮನೆಯಲ್ಲಿ ಕಾರು ಓಡಿಸುವವಳು ಅವಳೇ. ನಾನೂ ಒಮ್ಮೆ ಕಲಿಯಲು ಹೋಗಿದ್ದೆ. ನಾಲ್ಕನೇ ದಿನ ಕಲಿಸುವವನು ಕೈ ಮುಗಿದು, "ಸರ, ನಿಮ್ಮ ಮನಿಯವರಿಗೆ ಕಲಸ್ತೇನ್ರಿ" ಎಂದ. ಅದೂ ಛಲೋನೇ ಆಯಿತೆನ್ನಿ.

"ಆದ್ರ ಒಂದ ಮಾತು," ಗಿರಿಜಾ ಫೋನು ಬದಿಗಿಟ್ಟಳು. "ಈ ಸಲ ನಾವಿಬ್ಬರ. ಯಾರನ್ನೂ ಕರಿಯಾಂಗಿಲ್ಲ. ನಾ ಒಮ್ಮೆರೆ ನಿಮ್ಮ ಮಗ್ಗಲ್ದಾಗ ನಿಂತು ಫೋಟೋ ತಗಿಸ್ಕೋಬೇಕಾಗೇತಿ."

ನಗುತ್ತಲೇ ಅಂದಳು, ಆದರೆ ಕಣ್ಣು ನಗುತ್ತಿರಲಿಲ್ಲ. ನನಗೆ ನಾಚಿಕೆಯಾಯಿತು. ಮೂವತ್ತೊಂದು ವರ್ಷ ಈ ಹೆಂಗಸು ಹಿಂದಿನ ಸೀಟಿನಲ್ಲಿ ಯಾರದೋ ಗಂಟು ಮೂಟೆ ತೊಡೆಯ ಮೇಲಿಟ್ಟುಕೊಂಡು ನನ್ನ ಜೊತೆ ಊರು ತಿರುಗಿದ್ದಾಳೆ. "ದೇವರಾಣೆ, ಯಾರನ್ನೂ ಕರಿಯಂಗಿಲ್ಲ" ಎಂದೆ. ಆಣೆ ಇಡುವಾಗ ನಾನು ಎಂದೂ ಸುಳ್ಳಾಡುವುದಿಲ್ಲ. ಕಷ್ಟ ಶುರುವಾಗುವುದು ಆಮೇಲೆ.

ಮುಂದಿನ ಮೂರು ತಿಂಗಳು ನಮ್ಮ ಮನೆಯಲ್ಲಿ ನಡೆದ ತಯಾರಿಯನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಹಳೆಯ ಕ್ಯಾಲೆಂಡರುಗಳ ಹಿಂಬದಿಯನ್ನು ಅಂಟಿಸಿ ಗೋಡೆಯಷ್ಟು ದೊಡ್ಡ ನಕಾಶೆ ಬರೆದೆ. ಸೆಂಡಾಯಿ ಊರಿನಲ್ಲಿ ಕಾರು ತೆಗೆದುಕೊಳ್ಳುವುದು, ಮೊರಿಯೊಕಾದಲ್ಲಿ ಹೂ ನೋಡುವುದು, ಅಲ್ಲಿಂದ ಬೆಟ್ಟ ಹತ್ತುವುದು. ಜೀವಂತ ಜ್ವಾಲಾಮುಖಿಗೆ ಕೆಂಪು, ಮಲಗಿದ್ದಕ್ಕೆ ನೀಲಿ, ಶೌಚಾಲಯಕ್ಕೆ ಹಸಿರು ಬಣ್ಣ ಹಾಕಿದೆ. ವಯಸ್ಸಿಗೆ ತಕ್ಕಂತೆ ಹಸಿರು ಗುರುತುಗಳೇ ಹೆಚ್ಚಾದವು. ಪ್ರತಿ ರವಿವಾರ ಬೆಳಿಗ್ಗೆ ಕಾರು ತೆಗೆದು ಅಭ್ಯಾಸಕ್ಕೆ ಹೋಗುತ್ತಿದ್ದೆವು. ಉಣಕಲ್ ಕೆರೆ ಬಂದರೆ ಅದನ್ನು ಅಲ್ಲಿಯ ಟೊವಾಡಾ ಸರೋವರವೆಂದು ತಿಳಿಯಬೇಕು. ಹಿಮದ ಗೋಡೆಗೆ ಏನು ಮಾಡುವುದು? ಗಿರಿಜಾಳೇ ಉಪಾಯ ಹುಡುಕಿದಳು. ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ ತುಂಬಿದ ಲಾರಿಗಳು ಎರಡು ಸಾಲಾಗಿ ನಿಂತಿರುತ್ತವಲ್ಲ, ಅವುಗಳ ನಡುವೆ ಕಾರು ನುಗ್ಗಿಸಿದಳು. ಎರಡೂ ಕಡೆ ಬೆಳ್ಳಗೆ, ಎತ್ತರಕ್ಕೆ ಹತ್ತಿ. ಗಾಜು ಇಳಿಸಿ, "ಥಂಡಿ ಹತ್ತೇತೇನ್ರಿ?" ಎಂದಳು. ಹೊರಗೆ ಬಿಸಿಲು ಸುಡುತ್ತಿತ್ತು. ನಾನು ಶಾಲು ಹೊದ್ದುಕೊಂಡೆ. ಲಾರಿಯ ಮೇಲಿಂದ ಹಮಾಲರು ನಮ್ಮನ್ನು ನೋಡಿ ಏನಂದುಕೊಂಡರೋ ಗೊತ್ತಿಲ್ಲ.

ಈ ಹುರುಪಿನ ನಡುವೆಯೇ ಕಾಕಾ ಬಂದರು. ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ, ಧಾರವಾಡದ ಕೆಲಗೇರಿಯಲ್ಲಿರುವವರು; ವಯಸ್ಸು ಎಪ್ಪತ್ತೆರಡು. ಹೊಲದ ಕೆಲಸ ಮುಗಿಸಿ ಹುಬ್ಬಳ್ಳಿಗೆ ಬಂದಾಗ ನಮ್ಮಲ್ಲಿ ಚಹಾ ಕುಡಿದೇ ಹೋಗುತ್ತಾರೆ, ಎರಡು ಸಲ ಒಲ್ಲೆ ಎಂದ ಮೇಲೆ. ಬಂದವರು ಗೋಡೆಯ ಮುಂದೆ ನಿಂತು, "ಇದೇನಲೇ ಶಿವೂ, ಯಾರ ಹೊಲದ ನಕಾಶಿ?" ಎಂದರು.

ಕೇಳಬಾರದಾಗಿತ್ತು. ನಿವೃತ್ತ ಮಾಸ್ತರನ ಕೈಗೆ ಒಬ್ಬ ವಿದ್ಯಾರ್ಥಿ ಸಿಕ್ಕರೆ ಮುಗಿಯಿತು. ಕೋಲು ಹಿಡಿದು ಮುಕ್ಕಾಲು ತಾಸು ಪಾಠ ಮಾಡಿದೆ. ಭೂಮಿಯ ಹೊಟ್ಟೆಯೊಳಗಿನ ಬೆಂಕಿ, ನೆತ್ತಿಯ ಮೇಲಿನ ಹಿಮ, ಬಿಸಿನೀರಿನ ಬುಗ್ಗೆ. ಕಾಕಾ ಬಾಯಿ ತೆರೆದು ಕೇಳುತ್ತಿದ್ದರು. ನನಗೋ ಎದೆ ಉಬ್ಬಿ ಬಂತು. ಆ ಉಬ್ಬಿನಲ್ಲೇ ಬಾಯಿಂದ ಜಾರಿತು: "ನೀವೂ ಬರ್ರಿ ಕಾಕಾ!"

ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುವ ಸಪ್ಪಳ ನಿಂತಿತು.

"ಏ, ನಮಗೆಲ್ಲಿದಲೇ ಅದು!" ಎಂದರು ಕಾಕಾ. ಕ್ರಮದ ಪ್ರಕಾರ ಮೊದಲನೇ ಒಲ್ಲೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧ ಬರೆಯುವ ಪ್ರಮೇಯವೇ ಇರಲಿಲ್ಲ.

"ಹಂಗಂದ್ರ ಹೆಂಗ್ರಿ ಕಾಕಾ, ನೀವೂ ಬರ್ರಿ, ಕಾಕೂನೂ ಕರಕೊಂಡು ಬರ್ರಿ."

"ಆಕೀಗೆ ಮೊಣಕಾಲ ನೋವಲೇ..." ಇದು ಮೆತ್ತಗಿನ ಎರಡನೇ ಒಲ್ಲೆ. ನನ್ನ ನಾಲಿಗೆ ಎಂದಿನಂತೆ ಎರಡನ್ನು ದಾಟಿತು.

"ಬಿಸಿನೀರಿನ ಬುಗ್ಗಿ ಅದಾವಂತ್ರಿ, ಮೊಣಕಾಲಿಗೆ ಛಲೋ. ಬರಾಕ ಬೇಕು ನೀವು!"

ಕಾಕಾ ನಕಾಶೆಯನ್ನೂ ನನ್ನನ್ನೂ ನೋಡಿದರು. "ಇಷ್ಟ ಪ್ರೀತಿಲೆ ಕರದಿ ಅಂದಮ್ಯಾಲ ಒಲ್ಲೆ ಅಂದ್ರ ತಪ್ಪಾಕ್ಕೇತಿ. ಬರ್ತೇವಿ ಬಿಡು."

ನನಗೆ ಉಳಿದದ್ದು ಒಂದೇ ಆಸೆ. "ಪಾಸ್‌ಪೋರ್ಟ್ ಐತೇನ್ರಿ ಕಾಕಾ?" ಎಂದು ಕೇಳಿದೆ. "ಐತಲ್ಲೋ. ಹಿಂದ ದುಬೈಗೆ ಮದುವಿಗೆ ಹೋಗಿದ್ವಲ್ಲ, ಆವಾಗ ಮಾಡಿಸಿದ್ದು" ಎಂದರು.

ಗಿರಿಜಾ ಚಹಾ ತಂದು ಕಾಕಾನ ಮುಂದಿಟ್ಟಳು. ನನಗೆ ತರಲಿಲ್ಲ. ಕಾಕಾ ಹೋದ ಮೇಲೂ ಜಗಳವಾಡಲಿಲ್ಲ. ಆಡಿದ್ದರೆ ಎಷ್ಟೋ ಛಲೋ ಇತ್ತು. ಸುಮ್ಮನೆ ಗೋಡೆಯ ಹತ್ತಿರ ಹೋಗಿ, ನಕಾಶೆಯ ಮೂಲೆಯಲ್ಲಿ ನಾನು ಬಿಡಿಸಿದ್ದ ಕಾರಿನೊಳಗೆ, ನಮ್ಮಿಬ್ಬರ ತಲೆಗಳ ಹಿಂದೆ, ಇನ್ನೆರಡು ತಲೆ ಬರೆದಳು. ಒಂದಕ್ಕೆ ಟೊಪ್ಪಿಗೆ, ಒಂದಕ್ಕೆ ಸೆರಗು. ಬರೆದು ಒಳಗೆ ಹೋದಳು. ಮುಂದಿನ ರವಿವಾರ ಕಾರು ಹೊರಗೆ ಬರಲಿಲ್ಲ.

ಕೆಲಗೇರಿಯಿಂದ ಮಾತ್ರ ದಿನಾ ಫೋನು. ಕಾಕಾನ ಹೆಂಡತಿ ಕಾಕೂ, ತಿಂಗಳಾದರೂ ಕೆಡದ ಕಟಕ ರೊಟ್ಟಿ ಬಡಿಯಲು ಶುರು ಮಾಡಿದ್ದರು. "ದಿನಕ್ಕ ತಲಿಗೆ ಎಷ್ಟ ಹಿಡೀಲಿ? ಶೇಂಗಾಚಟ್ನಿ ಜೋಡಿ ಗುರೆಳ್ಳಚಟ್ನಿನೂ ಇರಲೇನು? ಅಲ್ಲೆ ಎಮ್ಮಿಹಾಲ ಸಿಗತಾವೇನ?" ಎಂದು ಕೇಳುತ್ತಿದ್ದರು. ನಾನು ಉತ್ತರ ಹೇಳುತ್ತಿದ್ದೆ, ಗಿರಿಜಾ ಅತ್ತ ಮುಖ ಮಾಡಿ ಅರಿವೆ ಮಡಚುತ್ತಿದ್ದಳು. ಅವಳ ಆ ಬೆನ್ನನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು. ಜ್ವಾಲಾಮುಖಿ ನೋಡುವ ಆಸೆ ನನ್ನದಿರಬಹುದು, ಆದರೆ ಆ ಬಿಳಿ ಗೋಡೆಗಳ ನಡುವೆ ಅವಳ ಪಕ್ಕದಲ್ಲಿ ಕೂರುವ ಆಸೆ ಅದಕ್ಕಿಂತ ದೊಡ್ಡದೆಂದು ನನಗೂ ಆಗಲೇ ತಿಳಿದದ್ದು.

ಎಂಟನೇ ದಿನ ಬೆಳಿಗ್ಗೆ ಧೈರ್ಯ ಮಾಡಿದೆ. "ಕಾಕಾಗ ನಾನ ಹೇಳ್ತೇನಿ" ಎಂದೆ. ಗಿರಿಜಾ ಎದುರಿಗೆ ಬಂದು ಕುಳಿತಳು. ಸ್ಪೀಕರ್ ಹಾಕಿ ಫೋನು ಮಾಡಿದೆ.

"ಕಾಕಾ... ಚಹಾ ಆತೇನ್ರಿ?"

"ಆತು. ನಿಂದ?"

"ಆತ್ರಿ. ಮತ್ತ... ಬಿಸಲು ಹೆಂಗೈತ್ರಿ ಧಾರವಾಡದಾಗ?"

ಗಿರಿಜಾ ಹಣೆ ಒತ್ತಿಕೊಂಡಳು. ಅಷ್ಟರಲ್ಲಿ ಕಾಕಾನೇ ಗಂಟಲು ಸರಿಮಾಡಿಕೊಂಡರು. "ಶಿವೂ, ನಾನ ಫೋನ್ ಹಚ್ಚಬೇಕಂತಿದ್ದೆ. ಸಿಟ್ಟಿಗೇಳಬ್ಯಾಡ. ಡಿಸೆಂಬರದಾಗ ಕೆರಿ ದಂಡಿಗೆ ಹೋಗಬೇಕಂದ್ರ ನಾ ಮಂಕಿಟೊಪ್ಪಿಗಿ ಹಾಕ್ಕೊಳ್ಳಾಂವ. ಆ ಬರ್ಫದಾಗ ನಾ ಬದಕಿ ಬರ್ತೇನೇನು? ನಿಮ್ಮ ಕಾಕೂಗ ರಾತ್ರಿ ನಿದ್ದಿಲ್ಲ. ನೀ ಮೂರ ಸಲ ಕರದಿ, ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ. ನಾವು ಬರೂದ ಬ್ಯಾಡ ಬಿಡಪಾ."

ಓದುಗರೇ, ಬಾಗಿಲು ತಾನಾಗಿ ತೆರೆದಿತ್ತು. ನಾನು 'ಹೂಂನ್ರಿ' ಎಂದಿದ್ದರೆ ಸಾಕಿತ್ತು. ಗಿರಿಜಾಳ ಮುಖ ಅರಳುವುದನ್ನು ಕಣ್ಣಾರೆ ನೋಡುತ್ತಿದ್ದೆ. ನೋಡುತ್ತಲೇ ನನ್ನ ಬಾಯಿಂದ ಹೊರಟದ್ದು ಇದು: "ಛೇ ಛೇ, ಹಂಗ್ಯಾಕ ಅಂತೀರಿ ಕಾಕಾ! ನೀವಿಲ್ಲಂದ್ರ ಹೆಂಗ? ಬರ್ರಿ ನೀವೂ!"

ಆಚೆ ಕಡೆಯಿಂದ ಕಾಕಾ ಸಣ್ಣಗೆ ನರಳಿದ್ದು ಕೇಳಿಸಿತು. ಗಿರಿಜಾ ಫೋನು ಕಸಿದುಕೊಂಡಳು.

"ಮಾವಾರ, ನಾ ಗಿರಿಜಾ. ನಿಮ್ಮನ್ನ ಕರಿಯಾಕತ್ತಿದ್ದು ಇವರ ಬಾಯಿ. ನಾ ಕರಿಯಾಕತ್ತಿಲ್ರಿ. ನಾವಿಬ್ಬರ ಹೋಗಿ ಬರ್ತೇವಿ. ತಪ್ಪ ತಿಳೀಬ್ಯಾಡ್ರಿ."

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಹಿರಿಯರಿಗೆ ಹೀಗೆ ಮುಖದ ಮೇಲೆ ಹೇಳುವುದೇ! ಆದರೆ ಕಾಕಾ ಗಟ್ಟಿಯಾಗಿ ನಕ್ಕರು. "ಬದಕಿಸಿದಿ ಯವ್ವಾ! ಇದನ್ನ ಮೊದಲ ಯಾರರೆ ಹೇಳಬೇಕಿಲ್ಲೇನು?" ಎಂದು, ಒಳಗೆ ತಿರುಗಿ ಕೂಗಿದ್ದೂ ಕೇಳಿಸಿತು: "ಏ, ರೊಟ್ಟಿ ಬಡಿಯೂದು ನಿಂದರಸ! ನಾವು ಹೋಗಾಂಗಿಲ್ಲ!" ಆಮೇಲೆ ಕಾಕೂ, ಬಡಿದ ರೊಟ್ಟಿಯನ್ನು ನಮಗೇ ಕಳಿಸುವುದಾಗಿ ಹೇಳಿದರು. ನಾನು ಒಲ್ಲೆ ಎನ್ನುವುದರೊಳಗೆ ಗಿರಿಜಾ "ಕಳಸ್ರಿ ಅತ್ತ್ಯಾರ, ಬೇಕ್ರಿ" ಎಂದು ಒಂದೇ ಮಾತಿಗೆ ಒಪ್ಪಿಕೊಂಡಳು. ಜಗತ್ತು ಮುಳುಗಲಿಲ್ಲ.

ಫೋನು ಇಟ್ಟು ಅವಳು ರಬ್ಬರು ತಂದು ನಕಾಶೆಯ ಕಾರಿನಿಂದ ಎರಡು ತಲೆ ಅಳಿಸಿದಳು. ಆಮೇಲೆ ಕಾರಿನ ಕೀಲಿಕೈ ಹಿಡಿದು ಪಡಸಾಲೆಯಲ್ಲಿ ನಿಂತಳು. "ನೋಡ್ರಿ, ಅಮರಗೋಳಕ್ಕ ಹೊಂಟೇನಿ. ಏಪ್ರಿಲ್‌ದಾಗ ಜಪಾನಕ್ಕ ಹೋಗಾಕಿ. ಒಂದ ಸಲ ಕೇಳ್ತೇನಿ, ಎರಡನೇ ಸಲ ಕೇಳಾಂಗಿಲ್ಲ. ಬರ್ತೀರೇನು?"

ಹಳೆಯ ಚಾಳಿ ನಾಲಿಗೆಯ ತುದಿಗೆ ಬಂದು ನಿಂತಿತ್ತು: 'ಬ್ಯಾಡ ಬಿಡು, ನೀ ಹೋಗಿ ಬಾ.' ಉಪ್ಪಿಟ್ಟು ನೆನಪಾಯಿತು. ಬಂದ ಮಾತನ್ನು ನುಂಗಿಕೊಂಡೆ. ನನ್ನ ಆಯುಷ್ಯದಲ್ಲೇ ಮೊದಲ ಬಾರಿಗೆ, ಮೊದಲ ಕರೆಗೇ, ಎದೆ ತುಂಬಿ ಕೂಗಿದೆ:

"ಬರ್ತೇನಿ!"

ಕೂಗು ಸ್ವಲ್ಪ ಜೋರಾಯಿತೇನೋ. ಕಂಪೌಂಡಿನ ಆಚೆ ಗಿಡಕ್ಕೆ ನೀರು ಹಾಕುತ್ತಿದ್ದ ನೆರೆಮನೆಯವರು ತಲೆ ಎತ್ತಿ, "ಎಲ್ಲಿಗೆ ಹೊಂಟ್ರಿ ಮಾಸ್ತರ?" ಎಂದು ಕೇಳಿದರು.

ಗಿರಿಜಾ ನನ್ನ ಕಡೆ ನೋಡಿದಳು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಓಡಿಹೋಗಿ ಕಾರಿನಲ್ಲಿ ಕುಳಿತೆ.